ಇಲ್ಲದ ಬಾಗಿಲು ಬಡಿಯುವವಳು

ನಮ್ಮ ಮನೆಯಲ್ಲಿ ದೆವ್ವವಿಲ್ಲ. ಇದ್ದಿದ್ದರೆ ಎಷ್ಟೋ ಸಲೀಸಾಗಿತ್ತು! ಒಂದು ನಿಂಬೆಹಣ್ಣು, ಒಂದು ತಾಯತ, ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿರುವುದು ಮೊಮ್ಮಗಳು. ಯಾರೂ ಇಲ್ಲದ ಕಡೆ ಹೋಗಿ ಬಾಗಿಲು ಬಡಿಯುವುದೇ ಅವಳ ಚಟ. ಅದಾದರೂ ಹೋಗಲಿ, ಒಮ್ಮೊಮ್ಮೆ ಒಳಗಿನಿಂದ ಉತ್ತರ ಬರುತ್ತದಲ್ಲ, ಅದಕ್ಕೇನು ಹೇಳೋಣ?

ಹೆಸರು ಹಾಕಬೇಡ ಎಂದು ಕಣ್ಣು ಬಿಟ್ಟಿದ್ದಾಳೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ಹುಡುಗರ ಬಾಯಿಗೆ ಬೀಳಬಾರದಂತೆ. ಆಗಲಿ, ಹಾಕುವುದಿಲ್ಲ. ಆದರೆ ಸುಮ್ಮನಿರು ಎಂದರೆ ಮಾತ್ರ ಆಗದು. ಈ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಾರಾದರೂ ಸುಮ್ಮನೆ ಕೂತಾರೇ? ಹಾಲು ಹಾಕುವವನಿಗೂ ಹೇಳಿದೆ, ಕರೆಂಟ್ ಬಿಲ್ಲಿನವನಿಗೂ ಹೇಳಿದೆ. ಈಗ ನಿಮ್ಮ ಸರದಿ.

ಮೊದಲು ಮನೆಯ ಸ್ಥಿತಿ ಕೇಳಿ. ಬ್ಯಾಡಗಿಯ ಈ ಮನೆಯಲ್ಲಿರುವವರು ನಾನು, ನಮ್ಮ ಯಜಮಾನರು, ಈ ಹುಡುಗಿ. ಅವಳ ಅಪ್ಪ ಅವ್ವ ಕುಮಾರಪಟ್ಟಣದಲ್ಲಿ, ನೌಕರಿಯ ಊರಲ್ಲಿ. ಹೋದ ಸುಗ್ಗಿಯ ಹೊತ್ತಿಗೆ ಯಜಮಾನರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಮಾತು ಹೋಯಿತು, ಕೈಕಾಲು ನಿಂತವು. ಗಂಜಿ ಬಾಯಿಗಿಟ್ಟರೆ ಗಂಟಲೇ ತನ್ನಷ್ಟಕ್ಕೆ ನುಂಗಿಕೊಳ್ಳುತ್ತಿತ್ತು. ಕಣ್ಣು ತೆರೆದೇ ಇರುತ್ತಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಮುಖ ಒರೆಸುವಾಗ ನಾನು ಬಗ್ಗಿ ಆ ಕಣ್ಣುಗಳೊಳಗೆ ಇಣುಕುತ್ತಿದ್ದೆ. ಅಲ್ಲಿ ನನ್ನ ಮುಖವೇ ಸಣ್ಣಗೆ ಕಾಣುತ್ತಿತ್ತು, ಅದರ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಬಾವಿಯಲ್ಲಿ ಬಗ್ಗಿ ನೋಡಿದ ಹಾಗೆ!

ಹಾವೇರಿಯ ಡಾಕ್ಟರು, "ಅರಿವು ಎಷ್ಟೈತಿ ಅಂತ ಈಗ ಹೇಳಾಕ ಬರೂದಿಲ್ಲವ್ವಾ, ನೋಡ್ಕೋಂತ ಇರ್ರಿ" ಎಂದರು. ನೋಡಿಕೊಂಡಿರಲು ನಮ್ಮ ಬಂಧುಗಳಿಗೆ ಪುರುಸೊತ್ತೆಲ್ಲಿ? ಮಂಚದ ಪಕ್ಕದಲ್ಲೇ ಕೂತು, ಚಹಾ ಹೀರುತ್ತಾ, "ಭಾಳ ಛಲೋ ಮನಷ್ಯಾ ಇದ್ದ ನೋಡು" ಎಂದು ಶುರು ಮಾಡಿದರು. ಮನುಷ್ಯ ಎದುರಿಗೇ ಮಲಗಿದ್ದಾರೆ! ಅವರ ಕಾಲಬುಡದಲ್ಲೇ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡಿದ್ದಾರೆ! ನನಗೆ ಬೇಕಾಗಿದ್ದ ಉತ್ತರ ಒಂದೇ. ಆ ಮೈಯೊಳಗೆ ನನ್ನ ಗಂಡ ಇದ್ದಾರೋ, ಇಲ್ಲವೋ? ನಾನು ಮಾಡುತ್ತಿರುವುದು ಅವರ ಸೇವೆಯೋ, ಖಾಲಿ ಮನೆಗೆ ಸಾರಿಸಿ ರಂಗೋಲಿ ಹಾಕುವ ಕೆಲಸವೋ?

ಇನ್ನು ಮೊಮ್ಮಗಳ ಚಟಕ್ಕೆ ಬರೋಣ. ಮಾಳಿಗೆಯ ಮೇಲೆ ಒಂದು ಕೋಣೆ, ಅದರಲ್ಲಿ ಅವಳ ಕಂಪ್ಯೂಟರು. ಒಂದು ಭಾನುವಾರ ಮಟಮಟ ಮಧ್ಯಾಹ್ನ ನಾನು ಅವಳಿಗೆ ಮಜ್ಜಿಗೆ ಒಯ್ದೆ. ಓಣಿಯಲ್ಲಿ ನಾಯಿಯೂ ಉಸಿರೆತ್ತದ ಹೊತ್ತು. ಕರಿಯ ಪರದೆಯ ಮೇಲೆ ಬಿಳಿ ಅಕ್ಷರಗಳು ತಮ್ಮಷ್ಟಕ್ಕೆ ಹತ್ತುತ್ತಿವೆ, ಇರುವೆಯ ಸಾಲಿನಂತೆ. ಹುಡುಗಿಯ ಕೈ ಎರಡೂ ಮಡಿಲಲ್ಲಿವೆ!

"ಯಾರಬೇ ಬರಿಯಾಕತ್ತಾರ?" ಎಂದೆ.

"ನನ್ನ ಸ್ಕ್ರಿಪ್ಟು ಅಜ್ಜಿ. ಅಪ್ಪಣಿ ಬರದು ಬಿಟ್ಟೇನಿ. ನಾ ಇಲ್ದಿದ್ರೂ ಬಡೀತದ."

"ಏನ ಬಡೀತದ?"

"ಬಾಗಲಾ."

ಆಮೇಲೆ ಬಿಡಿಸಿ ಹೇಳಿದಳು. ಕಂಪ್ಯೂಟರಿನ ಒಳಗೊಂದು ಗರ್ಭಗುಡಿ ಇರುತ್ತದಂತೆ, ಕರ್ನಲ್ ಅಂತ ಅದರ ಹೆಸರು. ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಬಾಗಿಲ ನಂಬರು ಹೇಳಿ ಹೊರಗೇ ನಿಂತು ಬೇಡಬೇಕು, ಕೆಲಸ ಒಳಗಿನವರು ಮಾಡಿಕೊಡುತ್ತಾರೆ. ಯಾವ ನಂಬರಿನ ಬಾಗಿಲಲ್ಲಿ ಏನು ಸಿಗುತ್ತದೆಂದು ಕಟ್ಟಿದವರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆದರೆ ಬರೆಯದ ಬಾಗಿಲುಗಳೂ ಇವೆಯಂತೆ! ಕಟ್ಟಿದವರು ಮರೆತದ್ದು, ಮುಚ್ಚಿಟ್ಟದ್ದು. ಕಳ್ಳರಿಗೆ ಸಿಗುವ ಮೊದಲು ಅವನ್ನು ಹುಡುಕಿ ಕಟ್ಟಿದವರಿಗೆ ತಿಳಿಸುವುದು ಇವಳ ಉಮೇದು. ಅದಕ್ಕೇ ಸ್ಕ್ರಿಪ್ಟು ಒಂದೊಂದೇ ನಂಬರು ಹಿಡಿದು ಬಡಿಯುತ್ತಾ ಹೋಗುತ್ತದೆ.

"ಪುಸ್ತಕದಾಗ ಇಲ್ಲದ್ದು ಐತಿ ಅಂತ ಹೆಂಗ ಗೊತ್ತಾಗತದ?" ಎಂದೆ.

"ಏನೂ ಇಲ್ಲದ ಕಡೆ ಬಡದ್ರ 'ಇಲ್ಲಿ ಅಂಥಾದ್ದೇನೂ ಇಲ್ಲ' ಅಂತ ಒಂದ ಮಾತು ಬರತದ. ಎಲ್ಲಾ ಕಡೆ ಅದ ಮಾತು. ಆದ್ರ ಒಂದೊಂದು ಕಡೆ 'ನಿನಗ ಅಪ್ಪಣಿ ಇಲ್ಲ, ಹೋಗು' ಅಂತ ಬರತದ ನೋಡು..."

ನನಗೆ ಅರ್ಥವಾಯಿತಲ್ಲ! ನಮ್ಮ ಓಣಿಗೆ ಭಿಕ್ಷೆಯವನು ಬಂದಾಗ ಒಳಗಿನಿಂದಲೇ "ಮುಂದಕ್ಕ ಹೋಗಪಾ" ಎನ್ನುತ್ತೇವೆ. ಅನ್ನ ಹಾಕದಿದ್ದರೂ ಮನೆಯಲ್ಲಿ ಜನ ಇದ್ದಾರೆಂಬುದು ಅವನಿಗೆ ತಿಳಿದುಹೋಗುತ್ತದೆ. ಒಲ್ಲೆ ಎನ್ನುವುದಕ್ಕಾದರೂ ಒಳಗೆ ಒಬ್ಬರು ಬೇಕಲ್ಲ?

ಅಷ್ಟರಲ್ಲಿ ಪರದೆಯ ಇರುವೆಸಾಲು ಗಕ್ಕನೆ ನಿಂತಿತು. ಅದರೊಳಗಿನ ಫ್ಯಾನು ಗೊರಗುಟ್ಟಿ ನಿಂತಿತು. ಇಡೀ ಕಂಪ್ಯೂಟರು ಉಸಿರು ಬಿಗಿಹಿಡಿದಂತೆ ಸುಮ್ಮನಾಯಿತು. ಹುಡುಗಿ ಕುರ್ಚಿಯಿಂದ ಎದ್ದು ಕುಣಿದಳು.

"ಸತ್ತತು ಅಜ್ಜಿ! ಸತ್ತತು!"

ಸತ್ತದ್ದಕ್ಕೆ ಕುಣಿಯುವ ಹೆಣ್ಣುಮಗಳನ್ನು ನಾನು ಅಂದೇ ನೋಡಿದ್ದು. ಯಾವುದೋ ಬರೆಯದ ಬಾಗಿಲ ಹಿಂದಿದ್ದದ್ದು ಎದ್ದು ಕಂಪ್ಯೂಟರಿನ ಕತ್ತು ಹಿಸುಕಿತ್ತಂತೆ. ಬಾಗಿಲು ಸಿಕ್ಕಿತೆಂಬ ಖುಷಿ ಅವಳಿಗೆ. ಮಜ್ಜಿಗೆಯ ಲೋಟ ಅಲ್ಲೇ ಇಟ್ಟು ನಾನು ಮೆಟ್ಟಿಲಿಳಿದೆ. ನಡುವೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಇದು ದೃಷ್ಟಿಯ ಕೆಲಸವೇ ಎಂದು ತೀರ್ಮಾನಿಸಿ ಹುಡುಗಿಗೆ ಮೆಣಸಿನಕಾಯಿ ಇಳಿ ತೆಗೆದೆ. ಕ್ರಮ ನಿಮಗೆ ಗೊತ್ತಿದ್ದದ್ದೇ. ಇಳಿ ತೆಗೆದ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಬಂದರೆ ದೃಷ್ಟಿಯಿಲ್ಲ, ಘಾಟು ಬಾರದಿದ್ದರೆ ದೃಷ್ಟಿ ಭಾರೀ ಇದೆ ಎಂದರ್ಥ. ಹಾಕಿದೆ. ಒಂದು ಸೀನೂ ಬರಲಿಲ್ಲ! ಯಜಮಾನರಿಗೂ ತೆಗೆದೆ. ಘಾಟಿಲ್ಲ! ಪಕ್ಕದ ಮನೆಯ ಬಸವ್ವನಿಗೆ ತೆಗೆದೆ. ಘಾಟಿಲ್ಲ! ಬಸವ್ವ ಅಳುವುದೊಂದು ಬಾಕಿ.

ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅಜ್ಜಿ, ಬಾಗಲಾಕ್ಕೂ ಒಂದು ತೆಗದು ಹಾಕು."

ಬಾಗಿಲಿಗೂ ಘಾಟಿಲ್ಲ!

"ಬಾಗಲಾಕ್ಕ ಯಾರ ದೃಷ್ಟಿ ತಾಕೇತಿ ಅಜ್ಜಿ? ಇದು ನಮ್ಮ ಬ್ಯಾಡಗಿ ಕಾಯಿ. ಬಣ್ಣಷ್ಟ ಇದಕ್ಕ, ಖಾರ ಎಲ್ಲೈತಿ? ಇದನ್ನ ಸುಟಗೊಂಡು ಊರ ಮಂದಿನೆಲ್ಲಾ ಹೆದರಸಾಕತ್ತೀಯಲ್ಲ!"

ಜಗತ್ತಿಗೆಲ್ಲ ಮೆಣಸಿನಕಾಯಿ ಕಳಿಸುವ ಊರಿನಲ್ಲಿ ಹುಟ್ಟಿ ಬೆಳೆದು ನನಗಿದು ಹೊಳೆದಿರಲಿಲ್ಲ. ಬಸವ್ವ ತನಗೆ ದೃಷ್ಟಿಯಿಲ್ಲವೆಂದು ತಿಳಿದು ಸ್ವಲ್ಪ ಬೇಜಾರೇ ಮಾಡಿಕೊಂಡಳೆನ್ನಿ.

ಈ ಬಡಿಯುವ ಚಟ ಕಂಪ್ಯೂಟರಿಗೆ ಮಾತ್ರವಾಗಿದ್ದರೆ ಸಹಿಸಬಹುದಿತ್ತು. ಹಲಗೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಬಿಳಿ ಶರ್ಟು ತೊಟ್ಟು ಕೂತಿದ್ದ. ಉಪ್ಪಿಟ್ಟು ಕೊಟ್ಟು ಇವಳು ಎದುರಿಗೇ ಕೂತಳು.

"ನಾ ಲಗ್ನ ಆದ ಮ್ಯಾಲೂ ಕಾಲೇಜಿಗೆ ಹೋಗ್ತೀನ್ರಿ."

"ಹೂಂ ರಿ."

"ಅಡಗಿ ನೀವ ಮಾಡಬೇಕಾಗತದ."

"ಹೂಂ ರಿ."

"ಮನ್ಯಾಗ ಒಂಟಿ ಸಾಕಬೇಕು ಅಂತ ನನಗ ಆಶಾ ಐತ್ರಿ."

ಒಂಟೆಯಂತೆ! ಹುಡುಗ ಉಪ್ಪಿಟ್ಟಿನ ತಟ್ಟೆ ನೋಡುತ್ತಾ, "ಹೂಂ ರಿ" ಎಂದ.

ಅವರು ಬಸ್ಸು ಹತ್ತುವ ಮೊದಲೇ ಇವಳ ತೀರ್ಪು ಬಂತು. "ಎಲ್ಲಾದಕ್ಕೂ ಹೂಂ ಅಂತದ ಅಜ್ಜಿ. ಒಳಗ ಯಾರೂ ಇಲ್ಲ."

ನಾನು ನಕ್ಕೆ. ನಗುತ್ತಾ ನಗುತ್ತಾ ಒಳಕೋಣೆಯ ಕಡೆ ಕಣ್ಣು ಹೋಯಿತು, ನಗು ನಿಂತಿತು. ಅವಳೂ ಅತ್ತಲೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಕರಿಯ ಪರದೆಯ ಮುಂದೆ ಕೂತಾಗಿನ ನೋಟ ಅದು.

ಮರುದಿನದಿಂದ ಶುರುವಾಯಿತು ನೋಡಿ. ಮಂಚದ ಎದುರಿಗೆ ತನ್ನ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಅದು ಅಜ್ಜನ ಮುಖವನ್ನೇ ದಿಟ್ಟಿಸುತ್ತಿರಬೇಕು, ರೆಪ್ಪೆಯೋ ಹುಬ್ಬೋ ಕೊಂಚ ಕದಲಿದರೂ ಗುರುತು ಹಾಕಬೇಕು. ತಲೆದಿಂಬಿನ ಪಕ್ಕ ಒಂದು ಸ್ಪೀಕರು. ಸ್ಕ್ರಿಪ್ಟು ಅದರಿಂದ ಒಂದೊಂದೇ ಸದ್ದು ಬಿಡುತ್ತಾ ಹೋಗುತ್ತದೆ. ರೈಲಿನ ಕೂಗು. ಗಿರಣಿಯ ಸದ್ದು. ಕೋಳಿ. ಎತ್ತಿನ ಗೆಜ್ಜೆ. ನಡುವೆ ಅಷ್ಟಷ್ಟು ಹೊತ್ತು ಮೌನ, ಉತ್ತರಕ್ಕೆ ಜಾಗ ಬಿಟ್ಟ ಹಾಗೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಆ ಮೌನ ಬಂದಾಗ ಕೈ ತಾನಾಗಿ ನಿಲ್ಲುತ್ತಿತ್ತು. ಮನೆಯ ಗೋಡೆಗಳೆಲ್ಲ ಕಿವಿ ಚಾಚಿ ಕೂತಂತಿರುತ್ತಿತ್ತು.

ಒಂದು ಮಧ್ಯಾಹ್ನ ಬಸವ್ವ ಮೊಸರಿನ ಗಡಿಗೆ ಹಿಡಿದು ಹೊಸ್ತಿಲು ದಾಟಿದಳು. ಅದೇ ಹೊತ್ತಿಗೆ ಒಳಗಿನಿಂದ ಜೋಗುಳ ಕೇಳಿಸಿತು. ನಡುಗುವ, ಮೂಗಿನಲ್ಲಿ ಹಾಡುವ, ಇಡೀ ಓಣಿಗೆ ಗೊತ್ತಿದ್ದ ದನಿ. ತೀರಿಹೋದ ನಮ್ಮತ್ತೆಯದು!

"ಯವ್ವಾ! ನಿಮ್ಮತ್ತಿ ಮಗನ್ನ ಕರಕೊಂಡು ಹೋಗಾಕ ಬಂದಾಳ!"

ಗಡಿಗೆ ಅಂಗಳದಲ್ಲಿ, ಬಸವ್ವ ರಸ್ತೆಯಲ್ಲಿ! ಹಳೆಯ ಕ್ಯಾಸೆಟ್ಟಿನಿಂದ ಹುಡುಗಿ ತೆಗೆದಿಟ್ಟ ದನಿ ಅದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸೆರಗು ತಲೆಯ ಮೇಲೆ ಎಳೆದುಕೊಂಡೆನಲ್ಲ, ಅದಕ್ಕೇನನ್ನುತ್ತೀರಿ? ಅತ್ತೆ ಅತ್ತೆಯೇ, ಸ್ಪೀಕರಿನಲ್ಲಿದ್ದರೂ!

ಓಡಿ ಒಳಗೆ ಹೋಗಿ ಯಜಮಾನರ ಮುಖ ನೋಡಿದೆ. ಹೆತ್ತ ತಾಯಿ ಕಿವಿಯ ಬುಡದಲ್ಲಿ ಹಾಡುತ್ತಿದ್ದಾಳೆ. ಒಂದು ರೆಪ್ಪೆ ಕದಲಲಿಲ್ಲ. ಹುಡುಗಿ ಮೊಬೈಲು ನೋಡಿ ತಲೆ ಅಲ್ಲಾಡಿಸಿದಳು. ನಾನು ಗೋಡೆಗೊರಗಿ ಕೂತುಬಿಟ್ಟೆ.

"ಸಾಕು ಬಿಡ ತಂಗಿ. ತಾಯಿ ಕರದ್ರೂ ಓ ಅನ್ನಲಿಲ್ಲ. ಮಂದಿ ಅನ್ನೂದು ಖರೇ ಐತೇನೋ."

ಅವಳು ಕೈಚಾಚಿ ಸ್ಪೀಕರು ಆರಿಸಿದಳು. ಆಮೇಲೆ, "ತಪ್ಪು ನಂದ ಅಜ್ಜಿ. ಅಜ್ಜ ಹೂಂ ಅನ್ನೂವಂಥಾದ್ದನ್ನ ಹುಡುಕಾಕತ್ತೀನಿ. ಅಜ್ಜ ಎದಕ್ಕ ಒಲ್ಲೆ ಅಂತಿದ್ದ ಹೇಳು" ಎಂದಳು.

"ನಾ ಏನಂದ್ರೂ ಒಲ್ಲೆ ಅಂತಿದ್ರು! ನಾ ಮೂಡಲ ಅಂದ್ರ ಅವರದು ಪಡವಲ. ನನ್ನ ಒಂದ ಮಾತರ ತಿದ್ದಲಾರದ ಬಿಟ್ಟಾರೇನು?"

ಹುಡುಗಿಯ ಕಣ್ಣು ಹೊಳೆದವು. "ಹಂಗಾರ ನೀನ ಸ್ಕ್ರಿಪ್ಟು. ಕುಂದ್ರು ಇಲ್ಲಿ. ತಪ್ಪು ತಪ್ಪು ಹೇಳು."

ಮಂಚದ ಅಂಚಿನಲ್ಲಿ ಕೂತು ಗಂಡನಿಗೆ ಸುಳ್ಳು ಹೇಳತೊಡಗಿದೆ. ನಗಬೇಡಿ!

"ನಮ್ಮ ಲಗ್ನ ಕರ್ಜಗ್ಯಾಗ ಆತು ನೋಡ್ರಿ." ಆದದ್ದು ಬ್ಯಾಡಗಿಯಲ್ಲಿ. ಮೌನ.

"ಮುಂದ" ಎಂದಳು ಹುಡುಗಿ, ಪರದೆಯಿಂದ ಕಣ್ಣೆತ್ತದೆ.

"ಊಟಕ್ಕ ಬೂಂದೆ ಲಾಡು ಮಾಡಿದ್ರು." ಗೋಧಿ ಹುಗ್ಗಿ ಮಾಡಿದ್ದರು. ಮೌನ.

"ಮುಂದ."

"ನಿಮಗ ಈಜು ಬರೂದಿಲ್ಲ." ತುಂಬಿದ ತುಂಗಭದ್ರೆಗೆ ಹಾರಿದ್ದ ಮನುಷ್ಯ! ಮೌನ.

"ಮುಂದ."

ಹೀಗೇ ಸುಳ್ಳುಗಳು ಒಂದೊಂದಾಗಿ ಆ ತೆರೆದ ಕಣ್ಣುಗಳೊಳಗೆ ಬಿದ್ದು, ತಳ ಮುಟ್ಟಿದ ಸದ್ದೂ ಇಲ್ಲದೆ ಮುಳುಗಿದವು. ಹೊರಗೆ ಮೆಣಸಿನಕಾಯಿ ಒಣಹಾಕಿದ ಅಂಗಳದಲ್ಲಿ ಗಾಳಿ ಸರಬರ ಎನ್ನುತ್ತಿತ್ತು. ನನಗೆ ಹೇಳಲು ಸುಳ್ಳು ಮುಗಿದವು. "ಮುಂದ" ಎಂದಳು ಹುಡುಗಿ. ನಾನು ಸುಸ್ತಾಗಿದ್ದೆ. ಬಾಯಿಗೆ ಬಂದದ್ದು ಸುಳ್ಳಲ್ಲ, ಲಗ್ನವಾದಾಗಿನಿಂದ ನಾನು ನಿಜವೆಂದೇ ನಂಬಿ ಯಾರ ಮುಂದೆಯೂ ಆಡದಿದ್ದ ಮಾತು. ಅವರು ನೋಡಲು ಬಂದದ್ದು ನನ್ನ ಅಕ್ಕನನ್ನು. ಅಕ್ಕನಿಗೆ ಬೇರೆ ಕಡೆ ಸಂಬಂಧ ಗೊತ್ತಾಯಿತು, ಹಿರಿಯರು ನನ್ನನ್ನು ಮುಂದೆ ಮಾಡಿದರು.

"ನೀವರ ಏನ ಮಾಡ್ತೀರಿ" ಎಂದೆ, ಅವರ ಹೊದಿಕೆ ಸರಿಮಾಡುತ್ತಾ. "ನಿಮಗ ಬೇಕಾಗಿದ್ದಾಕಿ ಅಕ್ಕ. ಹಿರ್ಯಾರ ಮಾತಿಗೆ ನನ್ನ ಕಟಗೊಂಡ್ರಿ."

ಅವರ ಗಂಟಲಲ್ಲಿ ಏನೋ ಗೊರಗುಟ್ಟಿತು. ಮೊದಲು ಸ್ಪೀಕರು ಎಂದುಕೊಂಡೆ. ಅಲ್ಲ! ಹುಬ್ಬು ಎರಡೂ ಗಂಟಿಕ್ಕಿದ್ದವು. ದಿಂಬಿನ ಮೇಲಿನ ತಲೆ, ತುಕ್ಕು ಹಿಡಿದ ಬಾಗಿಲಿನಂತೆ, ಅತ್ತ ಇಷ್ಟೇ ಇಷ್ಟು ಹೊರಳಿತು. ಆಮೇಲೆ ಇತ್ತ.

ಇಲ್ಲ.

ಹುಡುಗಿ ಎದ್ದು ನಿಂತಿದ್ದಳು. "ಅಜ್ಜಿ, ಇನ್ನೊಮ್ಮೆ ಹೇಳು. ಒಮ್ಮೆ ಬಂದದ್ದನ್ನ ಉತ್ತರ ಅನ್ನಾಕ ಬರೂದಿಲ್ಲ."

ಇನ್ನೊಮ್ಮೆ ಹೇಳಿದೆ. ತಲೆ ಅತ್ತ ಹೊರಳಿತು, ಇತ್ತ ಹೊರಳಿತು. ಈ ಸಲ ಕಣ್ಣು ನನ್ನನ್ನು ಹುಡುಕಿ ಬಂದು ನಿಂತವು, ಹಳೆಯ ಸಿಟ್ಟಿನಲ್ಲಿ, ಅಂಚಿನವರೆಗೂ ನೀರು ತುಂಬಿಕೊಂಡು.

"ಖಾತ್ರಿ ಆತು ಅಜ್ಜಿ!" ಹುಡುಗಿ ನನ್ನ ಹೆಗಲು ಹಿಡಿದು ಅಲ್ಲಾಡಿಸಿದಳು. "ಒಳಗ ಅದಾನ! ಸಾಕು, ಇನ್ನ ಕೇಳೂದು ಬ್ಯಾಡ."

"ನಿನಗ ಖಾತ್ರಿ ಆಗಿರಬೇಕಬೇ" ಎಂದೆ. ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಕ್ಕನ ಮಾತನ್ನೇ ಮತ್ತೊಮ್ಮೆ ಕೇಳಿದೆ.