ಮುಚ್ಚಳದ ಮೇಲಿನ ಮಹಾರಾಜ

ಬಹಳ ಹಿಂದೆ, ಅಂದರೆ ನಿಮ್ಮ ಮನೆಯ ಸೆಪ್ಟಿಕ್ ಟ್ಯಾಂಕನ್ನು ನೀವು ಕಡೆಯ ಸಲ ಖಾಲಿ ಮಾಡಿಸಿದ್ದಕ್ಕಿಂತಲೂ ಹಿಂದೆ, ಪರಿಮಳಗಿರಿ ಎಂಬ ಒಂದು ರಾಜ್ಯವಿತ್ತು. ಕಡೆಯ ಸಲ ಯಾವಾಗ ಎಂದು ನೆನಪಾಗುತ್ತಿಲ್ಲವೇ? ಪರವಾಗಿಲ್ಲ, ಬಹಳ ಮಂದಿಗೆ ಆಗುವುದಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಇದೆಂಥ ಪುರಾಣ ಎಂದು ಮೂಗು ಮುರಿಯುವವರು ಪಕ್ಕದ ಪುಟದ ರಾಶಿಭವಿಷ್ಯಕ್ಕೆ ಹೋಗಬಹುದು. ಉಳಿದವರು ಕೇಳಿ.

ಪರಿಮಳಗಿರಿಯ ಪ್ರತಿ ಮನೆಯ ಹಿತ್ತಲಿನಲ್ಲೂ ಒಂದು ಟ್ಯಾಂಕು, ಟ್ಯಾಂಕಿನ ಮೇಲೊಂದು ಚೌಕಾಕಾರದ ಮುಚ್ಚಳ. ಹಳೆಯ ಮಹಾರಾಣಿಯವರ ಕಾಲದಿಂದ ಇದಕ್ಕೊಂದು ಕಟ್ಟಳೆಯಿತ್ತು. ಟ್ಯಾಂಕಿಗೆ ಕೋಲು ಇಳಿಯಬೇಕೇ ಹೊರತು ಮನುಷ್ಯ ಇಳಿಯಕೂಡದು. ಕೋಲು ಇಳಿಸುವ ಅಧಿಕಾರ ಕೆಳಗಿನ ಕೇರಿಯ ಮಲ್ಲಾಜಮ್ಮನ ಮನೆತನದ್ದು. ಆಕೆಯ ಬಿದಿರು ಕೋಲಿನ ಮೇಲೆ ಮೂರು ಗೆರೆ, ತುದಿಯಲ್ಲಿ ಸುತ್ತಿದ ಬಿಳಿ ಬಟ್ಟೆ. ಮುಚ್ಚಳ ಸರಿಸಿ ಕೋಲು ಇಳಿಸಿ ಎತ್ತಿದರೆ ತಳದಲ್ಲಿ ಎಷ್ಟು ಹೂಳು ಕೂತಿದೆ ಎಂದು ಬಟ್ಟೆಗೂ ಕೋಲಿಗೂ ಹತ್ತಿದ ಕಪ್ಪೇ ಹೇಳುತ್ತಿತ್ತು. ಕಪ್ಪು ಮೊದಲ ಗೆರೆ ಮುಟ್ಟಿತೆಂದರೆ ಟ್ಯಾಂಕಿನ ಮೂರರಲ್ಲೊಂದು ಪಾಲು ಹೂಳು ತುಂಬಿದೆ ಎಂದರ್ಥ. ಮಾರನೆಯ ದಿನ ಎರಡೆತ್ತಿನ ಸಕ್ಕಿಂಗ್ ಗಾಡಿ ಬಂದು ಹೀರಿಕೊಂಡು ಹೋಗುತ್ತಿತ್ತು. ಐದಾರು ಜನರಿರುವ ಮನೆಗೆ ಮೂರು ವರ್ಷಕ್ಕೊಮ್ಮೆ ಗಾಡಿ ಬಂದರೆ ಸಾಕಾಗುತ್ತಿತ್ತು. ಯಾರೂ ಇದರ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ, ಆದ್ದರಿಂದ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಹೀಗಿರಲಾಗಿ ಶ್ರೀಮನ್ಮಹಾರಾಜ ಸುವರ್ಣಕೇತು ಪಟ್ಟಕ್ಕೆ ಬಂದರು. ಅವರಿಗೆ ಇದ್ದದ್ದು ಒಂದೇ ಚಟ, ಉದ್ಘಾಟನೆ. ಪರದೆ ಸರಿಸಿದಾಗ ಕಲ್ಲಿನ ಮೇಲೆ ತಮ್ಮ ಹೆಸರು ಕಂಡರೆ ಅವರಿಗೆ ಹಸಿವು, ನಿದ್ದೆ ಎರಡೂ ಚೆನ್ನಾಗಿ ಆಗುತ್ತಿದ್ದವು. ಪಟ್ಟಕ್ಕೆ ಬಂದ ಎರಡೇ ವರ್ಷದಲ್ಲಿ ಸೇತುವೆ, ಛತ್ರ, ದನದ ಕೊಟ್ಟಿಗೆ, ಹಳೆಯ ಸೇತುವೆಗೆ ಬಳಿದ ಹೊಸ ಸುಣ್ಣ, ಎಲ್ಲದರ ಉದ್ಘಾಟನೆಯೂ ಮುಗಿದು, ರಾಜ್ಯದಲ್ಲಿ ಉದ್ಘಾಟಿಸಲು ಇನ್ನೇನೂ ಉಳಿಯಲಿಲ್ಲ. ಪ್ರಭುಗಳು ಊಟ ಬಿಟ್ಟರು. ಆಸ್ಥಾನವೈದ್ಯರು ನಾಡಿ ಹಿಡಿದು ನೋಡಿ, ಇದು ಶಿಲಾಫಲಕದ ಕೊರತೆ ಎಂದರು.

ಆಗ ಮಹಾಮಂತ್ರಿ ವಾಕ್ಪತಿಗಳ ಬುದ್ಧಿ ಚುರುಕಾಯಿತು. ಅರಮನೆಯ ಹಿತ್ತಲಿನಲ್ಲಿ ಅಡ್ಡಾಡುವಾಗ ಟ್ಯಾಂಕಿನ ಮುಚ್ಚಳ ಅವರ ಕಣ್ಣಿಗೆ ಬಿತ್ತು. ಚೌಕಾಕಾರ, ಸಮತಟ್ಟು, ಹೇಳಿ ಮಾಡಿಸಿದ ಅಳತೆ. ಅಂಥವು ರಾಜ್ಯದಲ್ಲಿ ಮನೆಗೊಂದರಂತೆ ನಲವತ್ತು ಸಾವಿರ. ಮರುದಿನವೇ ‘ಮನೆಮನೆಗೂ ಮಹಾರಾಜ’ ಯೋಜನೆ ಘೋಷಣೆಯಾಯಿತು. ಫಲಾನುಭವಿಗಳು ಅರ್ಜಿ ಹಾಕುವ ತೊಂದರೆಯೂ ಇರಲಿಲ್ಲ, ಹಿತ್ತಲು ಇದ್ದವರೆಲ್ಲ ಫಲಾನುಭವಿಗಳೇ. ಪ್ರತಿ ಮುಚ್ಚಳದ ಮೇಲೂ ಕಪ್ಪು ಗ್ರಾನೈಟಿನ ಫಲಕ ಕೂತಿತು. ಮೇಲೆ ಪ್ರಭುಗಳ ನಗುಮುಖ, ಕೆಳಗೆ ‘ಈ ಕಟ್ಟಡವನ್ನು ಲೋಕಾರ್ಪಣೆ ಮಾಡಿದವರು’ ಎಂಬ ಒಕ್ಕಣೆ, ಅದರ ಕೆಳಗೆ ಘನ ಉಪಸ್ಥಿತಿ ವಹಿಸಿದ್ದ ಹದಿನಾಲ್ಕು ಜನರ ಹೆಸರು. ಅಲುಗಾಡದಿರಲಿ ಎಂದು ನಾಲ್ಕೂ ಕಡೆ ಗಾರೆ. ಫಲಕವನ್ನು ಕಿತ್ತವರಿಗೆ, ಸರಿಸಿದವರಿಗೆ, ಅದರ ಮೇಲೆ ಹಪ್ಪಳ ಒಣಗಿಸಿದವರಿಗೆ ರಾಜದ್ರೋಹದ ಶಿಕ್ಷೆ. ಪ್ರಭುಗಳು ಮತ್ತೆ ಊಟ ಶುರುಮಾಡಿದರು.

ಊಟ ಎಲ್ಲರೂ ಮಾಡುತ್ತಿದ್ದರಲ್ಲ, ಕತೆ ತೊಡಕಿಗೆ ಬಂದದ್ದೇ ಅಲ್ಲಿ. ಮುಚ್ಚಳ ತೆಗೆಯುವಂತಿಲ್ಲ, ಕೋಲು ಇಳಿಸುವಂತಿಲ್ಲ, ಗಾಡಿ ಬರುವಂತಿಲ್ಲ. ಎತ್ತುಗಳನ್ನು ಮೆರವಣಿಗೆಗೆ ಕಳಿಸಿದರು. ಮೂರು ವರ್ಷ ಕಳೆಯಿತು, ಆರು ಕಳೆಯಿತು, ಎಂಟೂ ಆಯಿತು. ಪಾಯಿಖಾನೆಗೆ ನೀರು ಸುರಿದರೆ ಒಳಗೆ ಹೋಗುವ ಬದಲು ಅತಿಥಿಯನ್ನು ನೋಡಲು ಬಂದಂತೆ ಮೇಲೆ ಬರತೊಡಗಿತು. ಜನ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ತಮ್ಮ ಮನೆಯಲ್ಲಿ ಮಾತ್ರ ಹೀಗೆ, ಪಕ್ಕದ ಮನೆಯಲ್ಲಿ ಎಲ್ಲ ಚೆನ್ನಾಗಿದೆ ಎಂದುಕೊಂಡು ಪ್ರತಿ ಮನೆಯವರೂ ಊದುಬತ್ತಿ ಹಚ್ಚಿದರು. ಆ ವರ್ಷ ಊದುಬತ್ತಿಯ ಉತ್ಪಾದನೆಯಲ್ಲಿ ಪರಿಮಳಗಿರಿ ಮೊದಲ ಸ್ಥಾನಕ್ಕೆ ಬಂತು. ಅದಕ್ಕೂ ಒಂದು ಫಲಕ ಹಾಕಿಸಿದರು.

ಮಲ್ಲಾಜಮ್ಮ ಮಾತ್ರ ಊದುಬತ್ತಿಗೆ ಮರುಳಾಗುವ ಹೆಂಗಸಲ್ಲ. ಆಕೆಯ ಒಬ್ಬಳೇ ಮಗಳು ಪುಟ್ತಾಯಿಯನ್ನು ನೆರೆಯ ಹೊಳೆಯಾಚೆಯ ರಾಜ್ಯಕ್ಕೆ ಕೊಟ್ಟಿದ್ದರು. ಅವಳಿಗೆ ಈಗ ಏಳು ತಿಂಗಳು, ಚೊಚ್ಚಲು. ಸೀಮಂತ ಮುಗಿಸಿಕೊಂಡು ತವರಿಗೆ ಬಾಣಂತನಕ್ಕೆ ಬರುವವಳಿದ್ದಳು. ಮಲ್ಲಾಜಮ್ಮ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಎಣ್ಣೆ ಕಾಯಿಸಿ, ಹಳೆಯ ಸೀರೆಗಳನ್ನು ಕೂಸಿನ ಬಟ್ಟೆಗೆಂದು ಹರಿದಿಟ್ಟು ಎಲ್ಲ ಅಣಿಮಾಡಿಕೊಂಡಿದ್ದಳು. ಒಂದು ಬೆಳಿಗ್ಗೆ, ಕೇರಿಯ ಒಂಬತ್ತು ಮನೆಗೆ ನೀರು ಕೊಡುತ್ತಿದ್ದ ಬಾವಿಯಿಂದ ಕೊಡ ಎಳೆದವಳೇ ಮೂಸಿ ನೋಡಿ ನೆಲಕ್ಕೆ ಚೆಲ್ಲಿದಳು. ಆಮೇಲೆ ತನ್ನ ಟ್ಯಾಂಕಿನ ಗಾಳಿ ಕೊಳವೆಯೊಳಗೆ ಕೋಲು ಇಳಿಸಿದಳು. ಮೂರನೆಯ ಗೆರೆಯೂ ಕಾಣಲಿಲ್ಲ. ಹಸಿ ಬಾಣಂತಿ, ಎಳೆ ಕೂಸು, ಈ ನೀರು. ಕೋಲನ್ನು ತೊಳೆಯದೆ ಹಾಗೆಯೇ ಹೆಗಲಿಗೆ ಹಾಕಿಕೊಂಡು ಅರಮನೆಗೆ ನಡೆದಳು.

ಕೋಲಿನ ದೆಸೆಯಿಂದ ಆಕೆಗೆ ದಾರಿ ತಾನೇ ಬಿಟ್ಟಿತು. ಬಾಗಿಲಭಟರು, ಗುಪ್ತಚರರು, ಮಾಧ್ಯಮ ಸಲಹೆಗಾರರು ಎಲ್ಲರೂ ಎರಡು ಮಾರು ಹಿಂದೆ ಸರಿದರು. ಪ್ರಭುಗಳು ಜರಿಯ ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಏನು ವಿಷಯವೆಂದು ಕೇಳಿದರು.

“ಬುದ್ಧೀ, ನನ್ ಮಗ್ಳು ಬಾಣಂತನಕ್ಕೆ ಬರ್ತಾವ್ಳೆ. ಟ್ಯಾಂಕು ತುಂಬಿ ಬಾವಿ ನೀರು ಕೆಟ್ಟೋಗೈತೆ. ಆ ಕಲ್ಲು ಎತ್ತಿ ಖಾಲಿ ಮಾಡ್ಸಕ್ಕೆ ಅಪ್ಪಣೆ ಕೊಡಿ,” ಎಂದಳು ಮಲ್ಲಾಜಮ್ಮ.

ಮಹಾರಾಜರ ಮುಖ ಸಣ್ಣದಾಯಿತು. ತಮ್ಮನ್ನು ಎತ್ತಿ ಪಕ್ಕಕ್ಕೆ ಇಡಬೇಕೆಂದು ಈಕೆ ಹೇಳುತ್ತಿರುವಳೇ ಎಂದು ಮಹಾಮಂತ್ರಿಯನ್ನು ಕೇಳಿದರು.

“ಎತ್ತಿ, ಒರಸಿ, ಮತ್ತೆ ಅಲ್ಲೇ ಇಡ್ತೀನಿ ಬುದ್ಧೀ. ಮೂರು ವರ್ಸಕ್ಕೊಂದ್ಸಲ ಅಷ್ಟೆಯ. ಮನೇಲಿ ಜನ ಜಾಸ್ತಿ ಇದ್ರೆ ಇನ್ನೊಸಿ ಬೇಗ. ನನ್ ಮಾತು ನಂಬ್ಬೇಡಿ, ಈ ಕೋಲು ನೋಡಿ.”

ಕೋಲನ್ನು ಯಾರೂ ನೋಡಲಿಲ್ಲ. ಮಹಾಮಂತ್ರಿಗಳು ಮುಂದೆ ಬಂದು, ಪ್ರಭುಗಳ ಆಳ್ವಿಕೆಯಲ್ಲಿ ಯಾವುದಾದರೂ ತುಂಬಿದೆಯೆಂದರೆ ಅದು ಸಮೃದ್ಧಿಯ ಲಕ್ಷಣವೆಂದರು. ಹಿಂದಿನವರ ಕಾಲದಲ್ಲಿ ಟ್ಯಾಂಕುಗಳು ಪದೇ ಪದೇ ಬರಿದಾಗುತ್ತಿದ್ದವೆಂದೂ, ಆ ಬಡತನ ಈಗ ನಿರ್ಮೂಲವಾಗಿದೆಯೆಂದೂ ಸೇರಿಸಿದರು. ಆದರೂ ಪ್ರಜೆಯೊಬ್ಬಳು ಕೇಳಿದ್ದಾಳೆ, ಪ್ರಜಾಭಿಪ್ರಾಯಕ್ಕೆ ಬೆಲೆಯುಂಟು, ಆದ್ದರಿಂದ ಮನೆಯ ಟ್ಯಾಂಕನ್ನು ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬುದರ ಬಗ್ಗೆ ಒಂದು ಉನ್ನತ ಮಟ್ಟದ ಸಮಿತಿಯಾಗಲಿ ಎಂದರು. ವರದಿಗೆ ಆರು ವಾರ. ಮಲ್ಲಾಜಮ್ಮ ಬೆರಳು ಮಡಿಸಿ ಎಣಿಸಿದಳು. ಆರು ವಾರಕ್ಕೆ ಪುಟ್ತಾಯಿಗೆ ಎಂಟೂವರೆ ತಿಂಗಳು ತುಂಬುತ್ತಿತ್ತು. ಇನ್ನೂ ಹೊತ್ತು ಮೀರಿರುವುದಿಲ್ಲ ಎಂದುಕೊಂಡು ಆ ಬಡಪಾಯಿ ಹೆಂಗಸು ಕೈಮುಗಿದಳು. ಕೋಲನ್ನು ಸಾಕ್ಷ್ಯವೆಂದು ಸಮಿತಿಯೇ ಇಟ್ಟುಕೊಂಡಿತು.

ಸಮಿತಿಯ ಅಧ್ಯಕ್ಷರು ಆಸ್ಥಾನ ಗಣಿತಜ್ಞ ಸಂಕಲನಾಚಾರ್ಯರು. ಸರಾಸರಿಯ ಮೇಲೆ ಅವರಿಗೆ ಅಪಾರ ಭಕ್ತಿ. ಒಂದು ಕಾಲು ಕೆಂಡದಲ್ಲಿ, ಒಂದು ಕಾಲು ಹಿಮದಲ್ಲಿದ್ದರೆ ಮನುಷ್ಯ ಹಿತವಾಗಿದ್ದಾನೆ ಎನ್ನುವ ಪೈಕಿ. ಸಮಿತಿ ಮೊದಲು ಹೊಳೆಯಾಚೆಯ ರಾಜ್ಯಕ್ಕೆ ಅಧ್ಯಯನ ಪ್ರವಾಸ ಹೋಯಿತು. ಅಲ್ಲಿಯ ಜನ ಮೂರು ವರ್ಷಕ್ಕೊಮ್ಮೆ ಮುಚ್ಚಳ ತೆಗೆಸುತ್ತಿದ್ದರು, ಅಲ್ಲಿಯ ಬಾವಿಯ ನೀರು ಸಿಹಿಯಾಗಿತ್ತು. ಆದರೆ ಅಲ್ಲಿಯ ಮುಚ್ಚಳಗಳ ಮೇಲೆ ಯಾರ ಹೆಸರೂ ಇಲ್ಲದ ಕಾರಣ ಹೋಲಿಕೆ ಸಲ್ಲದು ಎಂದು ಷರಾ ಬರೆದುಕೊಂಡು, ಮೂರು ದಿನ ಆ ನೀರು ಕುಡಿದು ಚೆನ್ನಾಗಿ ಊಟ ಮಾಡಿ ಸಮಿತಿ ಮರಳಿತು.

ಆರನೆಯ ವಾರ ಆಚಾರ್ಯರು ಸಭೆಯಲ್ಲಿ ವರದಿ ಮಂಡಿಸಿದರು. ಹದಿನೈದು ಜನರ ಕೂಡುಕುಟುಂಬಕ್ಕೆ ವರ್ಷಕ್ಕೊಮ್ಮೆ ಬೇಕು. ಐದು ಜನರ ಮನೆಗೆ ಮೂರು ವರ್ಷಕ್ಕೊಮ್ಮೆ. ಗಂಡಹೆಂಡಿರು ಇಬ್ಬರೇ ಇದ್ದರೆ ಏಳು ವರ್ಷಕ್ಕೊಮ್ಮೆ. ಇಲ್ಲಿಯವರೆಗೆ ಕೇಳಿದ ಮಲ್ಲಾಜಮ್ಮನಿಗೆ ಜೀವ ಬಂದಂತಾಯಿತು. ಆದರೆ ಸಮೀಕ್ಷೆಯಲ್ಲಿ ಯಾರನ್ನೂ ಬಿಡಬಾರದೆಂಬುದು ಸಂವಿಧಾನದ ಆಶಯವಾದ್ದರಿಂದ, ಬೆಟ್ಟದ ಗವಿಯಲ್ಲಿ ಗಾಳಿ ಸೇವಿಸಿ ಬದುಕಿರುವ ಋಷಿಯೊಬ್ಬರನ್ನೂ ಸಮಿತಿ ಕಂಡಿತ್ತು. ತಮ್ಮ ಟ್ಯಾಂಕನ್ನು ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೀರಿ ಎಂದು ಕೇಳಿದ್ದಕ್ಕೆ ಅವರು, ಟ್ಯಾಂಕೇ ಇಲ್ಲ ಮಗು, ಎಂದೆಂದಿಗೂ ಬೇಡ ಎಂದಿದ್ದರು. ಒಂದು, ಮೂರು, ಏಳು, ಎಂದೆಂದಿಗೂ. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಬರುವ ಸರಾಸರಿ ‘ಎಂದೆಂದಿಗೂ ಬೇಡ’ ಎಂದು ಆಚಾರ್ಯರು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಇದ್ದಿದ್ದರೆ ಯಾರಾದರೂ ತಿದ್ದಬಹುದಿತ್ತು.

“ಆ ಸಾಮಿ ಗಾಳಿ ತಿಂತಾರೆ. ನಾವು ಮುದ್ದೆ ತಿಂತೀವಿ ಬುದ್ಧೀ,” ಎಂದಳು ಮಲ್ಲಾಜಮ್ಮ.

ಆಕೆಯ ಆಕ್ಷೇಪವನ್ನು ಆಹಾರ ಇಲಾಖೆಗೆ ವರ್ಗಾಯಿಸಲಾಯಿತು.

ಅಂದೇ ರಾಜಶಾಸನ ಹೊರಟಿತು. ಪರಿಮಳಗಿರಿಯ ಟ್ಯಾಂಕುಗಳು ಇನ್ನು ಮುಂದೆ ತುಂಬತಕ್ಕದ್ದಲ್ಲ. ತುಂಬಿದಲ್ಲಿ ಅದು ಮನೆಯವರ ವೈಯಕ್ತಿಕ ಅಭಿಪ್ರಾಯವೆಂದು ಪರಿಗಣಿಸತಕ್ಕದ್ದು. ಅಳೆಯುವ ಕೋಲುಗಳ ಅಗತ್ಯ ತೀರಿರುವುದರಿಂದ ಸಾಕ್ಷ್ಯವಾಗಿದ್ದ ಕೋಲನ್ನು ತೊಳೆದು, ಗಂಧ ಲೇಪಿಸಿ, ಚಿನ್ನದ ತಗಡು ಹೊದಿಸಿ ರಾಜದಂಡವನ್ನಾಗಿ ಮಾಡತಕ್ಕದ್ದು. ಮುಂದಿನ ಹುಣ್ಣಿಮೆಗೆ ಪಟ್ಟಾಭಿಷೇಕದ ದಶಮಾನೋತ್ಸವ, ಅಂದು ಪ್ರಭುಗಳು ಅದನ್ನು ಧರಿಸತಕ್ಕದ್ದು.

ಮಲ್ಲಾಜಮ್ಮ ಸಭೆಯಿಂದ ನೆಟ್ಟಗೆ ಹೊಳೆಯ ದಡಕ್ಕೆ ಹೋದಳು. ಮೊದಲೇ ಹೇಳಿಕಳಿಸಿದ್ದಂತೆ ಆಚೆ ದಡದಲ್ಲಿ ಪುಟ್ತಾಯಿಯ ಗಾಡಿ ಬಂದು ನಿಂತಿತ್ತು. ಮಗಳು ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದೋಣಿಗೆ ಕಾಯುತ್ತಿದ್ದಳು. ತಾಯಿ ದೋಣಿ ಹತ್ತಿ ಹೋಗಿ ಅವಳ ಗಂಟನ್ನು ದೋಣಿಗೆ ಹಾಕಲು ಬಿಡಲಿಲ್ಲ.

“ಬರ್ಬ್ಯಾಡ ಕಣವ್ವ. ತಿರುಗಿ ಹೋಗು. ನಾನೇ ಅಲ್ಲಿಗೆ ಬಂದು ನೀರು ಎರೀತೀನಿ,” ಎಂದಳು.

ಪುಟ್ತಾಯಿ, ಚೊಚ್ಚಲ ಬಾಣಂತನ ಎಲ್ಲಾದರೂ ಅತ್ತೆಮನೆಯಲ್ಲಿ ಆಗುವುದುಂಟೇ, ಜನ ಏನೆಂದಾರು ಎಂದು ಅತ್ತಳು. ತಾಯಿಯೂ ಅತ್ತಳು. ಬಡವರ ಮನೆಯಲ್ಲಿ ಗಂಜಿ ಇಲ್ಲದೆ ಹೋದರೂ ಮಗಳನ್ನು ಬರಬೇಡ ಎಂದದ್ದಿಲ್ಲ ಸ್ವಾಮಿ. ಇದನ್ನು ಬರೆಯುವಾಗ ನನಗೆ ತಮಾಷೆ ಸಾಕೆನಿಸುತ್ತದೆ. ಆದರೆ ದಶಮಾನೋತ್ಸವ ಇನ್ನೂ ಬಾಕಿಯಿದೆ, ಪತ್ರಕರ್ತನಿಗೆ ಪಾಸು ಕೊಟ್ಟಿದ್ದಾರೆ, ಹೋಗಲೇಬೇಕು.

ಹುಣ್ಣಿಮೆಯ ಬೆಳಿಗ್ಗೆ ಸಭಾಮಂಟಪದಲ್ಲಿ ಪ್ರಭುಗಳು ಚಿನ್ನದ ಕೋಲು ಹಿಡಿದು ಸಿಂಹಾಸನದಲ್ಲಿ ಕೂತರು. ಕೋಲು ತಲೆಕೆಳಗಾಗಿತ್ತು. ಬಂದ ಎಂಟುನೂರು ಅತಿಥಿಗಳು ಫಲಾಹಾರ ಮಾಡಿದರು, ಆಮೇಲೆ ಆಗಬೇಕಾದದ್ದು ಆಯಿತು. ಅರಮನೆಯ ಟ್ಯಾಂಕಿನ ಮೇಲಿದ್ದ ಫಲಕ, ರಾಜ್ಯದಲ್ಲೇ ಅತಿ ದೊಡ್ಡದು, ಮೊದಲು ಅಲುಗಿತು, ಆಮೇಲೆ ಒಂದು ಮೂಲೆಯಲ್ಲಿ ಎದ್ದಿತು. ಸುಗಂಧವಲ್ಲದ ಒಂದು ಪ್ರವಾಹ ಮಂಟಪದೊಳಕ್ಕೆ ಬಂದು ಪ್ರಭುಗಳ ಪಾದುಕೆಯನ್ನು ಮುಟ್ಟಿತು. ಅತಿಥಿಗಳು ಪಂಚೆ ಎತ್ತಿಕಟ್ಟಿಕೊಂಡು, ಇದು ವಿರೋಧಿಗಳ ಸಂಚು ಎಂದು ಒಮ್ಮತದಿಂದ ಅಭಿಪ್ರಾಯಪಟ್ಟರು.

ಸಂಜೆಯೊಳಗೆ ತುರ್ತು ಸಂಪುಟ ಸಭೆ ಸೇರಿ ಪರಿಹಾರ ಕಂಡುಕೊಂಡಿತು. ಟ್ಯಾಂಕನ್ನು ಖಾಲಿ ಮಾಡಿಸುವುದು ಶಾಸನಕ್ಕೆ ವಿರುದ್ಧ. ಆದ್ದರಿಂದ ಸಿಂಹಾಸನವನ್ನು ಮೂರಡಿ ಎತ್ತರಿಸುವುದು. ಅದಕ್ಕೆ ಬೇಕಾದ ಚಪ್ಪಡಿಗಳನ್ನು ಕೇರಿಕೇರಿಯ ಬಾವಿಕಟ್ಟೆಗಳಿಂದ ಕಿತ್ತು ತಂದರು. ಹೇಗೂ ಆ ಬಾವಿಗಳ ನೀರನ್ನು ಯಾರೂ ಕುಡಿಯುತ್ತಿಲ್ಲವಷ್ಟೆ ಎಂದು ಮಹಾಮಂತ್ರಿಗಳು ನ್ಯಾಯವಾಗಿಯೇ ಕೇಳಿದರು. ಪ್ರಭುಗಳು ಮೇಲೆ ಹತ್ತಿ ಕೂತರು. ಇಂಥ ಉನ್ನತಿಯನ್ನು ಯಾವ ಅರಸನೂ ಕಂಡಿರಲಿಲ್ಲ ಎಂದು ಆಸ್ಥಾನಕವಿಗಳು ಷಟ್ಪದಿಯಲ್ಲಿ ಹಾಡಿದರು. ಪ್ರಜೆಗಳೂ ತಮ್ಮ ತಮ್ಮ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿಕೊಳ್ಳಬಹುದು ಎಂದು ಸರ್ಕಾರ ಉದಾರವಾಗಿ ಅನುಮತಿ ನೀಡಿತು. ಇಟ್ಟಿಗೆ ಮಾತ್ರ ಅವರವರದೇ.

ಹೊಳೆಯಾಚೆ ಪುಟ್ತಾಯಿ ಹೆಣ್ಣುಮಗು ಹೆತ್ತಳು. ಮಲ್ಲಾಜಮ್ಮ ಮೂರು ತಿಂಗಳು ಬೀಗರ ಮನೆಯಲ್ಲಿ ತಲೆತಗ್ಗಿಸಿಕೊಂಡು ಇದ್ದು ಎರೆದು, ಉಪಚಾರ ಮಾಡಿ ಹಿಂತಿರುಗಿದಳು. ಕೇರಿಯ ಬಾವಿಗೆ ಕಟ್ಟೆ ಇರಲಿಲ್ಲ. ಮಕ್ಕಳು ಬಿದ್ದಾರೆಂಬ ಕಾಳಜಿಯಿಂದ ಸರ್ಕಾರ ಬಾವಿಯ ಬಾಯಿಗೆ ಒಂದು ಗ್ರಾನೈಟ್ ಕಲ್ಲು ಮುಚ್ಚಿಸಿತ್ತು. ಅದರ ಮೇಲೆ ಪ್ರಭುಗಳು ಮೊದಲಿಗಿಂತ ಅಗಲವಾಗಿ ನಗುತ್ತಿದ್ದರು. ಆಕೆ ಮನೆಯೊಳಗೆ ಹೋಗಿ ಬಾಣಂತಿ ಕೋಣೆಯ ಬಾಗಿಲು ಎಳೆದು, ಕೊಡ ತೆಗೆದುಕೊಂಡು, ಎರಡು ಹರದಾರಿ ದೂರದ ಹೊಳೆಯ ಕಡೆಗೆ ಹೊರಟಿದ್ದ ಹೆಂಗಸರ ಸಾಲನ್ನು ಸೇರಿಕೊಂಡಳು.

ಎತ್ತರದ ಸಿಂಹಾಸನದಿಂದ ಈಗ ಕಿಟಕಿಯಾಚೆಯ ಹೆದ್ದಾರಿ ಚೆನ್ನಾಗಿ ಕಾಣುತ್ತಿತ್ತು. ಬಿಸಿಲಿನಲ್ಲಿ ತಲೆಯ ಮೇಲೆ ನೀರಿನ ಕೊಡ ಹೊತ್ತು ಉದ್ದಕ್ಕೆ ಸಾಲುಗಟ್ಟಿ ಬರುತ್ತಿದ್ದ ಹೆಂಗಸರನ್ನು ಕಂಡು ಮಹಾರಾಜರು, ಇವರೆಲ್ಲ ಯಾರು, ಏನು ನಡೆದಿದೆ ಎಂದು ಕೇಳಿದರು.

“ಪೂರ್ಣಕುಂಭ ಸ್ವಾಗತ, ಪ್ರಭೂ. ಪ್ರತಿದಿನವೂ ಸ್ವಇಚ್ಛೆಯಿಂದ ಬರುತ್ತಾರೆ,” ಎಂದರು ವಾಕ್ಪತಿಗಳು.

ಪ್ರಭುಗಳ ಕಣ್ಣು ತುಂಬಿ ಬಂತು. ಚಿನ್ನದ ಕೋಲನ್ನು ಎತ್ತಿ ಬಹಳ ಹೊತ್ತು ಬೀಸಿದರು. ಮಲ್ಲಾಜಮ್ಮ ತನ್ನ ಕೋಲನ್ನು ಗುರುತು ಹಿಡಿದಳು. ಆಕೆಯ ಎರಡು ಕೈಯೂ ಕೊಡದ ಮೇಲಿದ್ದವು.