ಗುರುತಿಲ್ಲದ ಗಿರಾಕಿ ಬೇಕಾಗಿದ್ದಾರೆ

ಸಲಹೆ ಕೊಡುವ ಕೆಲಸದಲ್ಲಿ ಒಂದು ವಿಚಿತ್ರವಿದೆ. ಹೇಳಿದ್ದನ್ನು ಯಾರೂ ಕೇಳದಿದ್ದರೆ ನಮಗೆ ಬೇಸರವಾಗುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಟ್ಟರೆ ಕೆಳಗೆ ಬರೆದಂಥ ಪ್ರಸಂಗಗಳಾಗುತ್ತವೆ.

ತಿಪಟೂರಿನಲ್ಲಿ ಟೈರ್ ಅಂಗಡಿಯೊಂದರ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಉದ್ಯಮಿಗಳ ಬಳಗ ಸೇರುತ್ತದೆ. ನಾನು ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನೌಕರಿ ಮುಗಿಸಿ ಇಲ್ಲಿ ಬಂದು ನೆಲೆಸಿದವನು. ಹಾಗಾಗಿ ಮೊದಲ ಸಲ ವ್ಯಾಪಾರಕ್ಕೆ ಇಳಿಯುವವರಿಗೆ ಬುದ್ಧಿ ಹೇಳಲು ನನ್ನನ್ನು ಕೂರಿಸಿದ್ದಾರೆ. ನನ್ನ ನಿಯಮಗಳು ಕೆಲವೇ. ಹತ್ತು ಎಂದರೆ ಹತ್ತು, ಹತ್ತೂಕಾಲು ಅಲ್ಲ. ಬಳಗದವರು ತಯಾರಿಸಿದ್ದನ್ನು ನಾನಾಗಲಿ ನನ್ನ ನೆಂಟರಾಗಲಿ ಪುಕ್ಕಟೆ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಟ್ಟು ಕೊಳ್ಳುವುದೂ ಇಲ್ಲ. ತೀರ್ಪು ಕೊಡುವವನ ನಾಲಿಗೆಗೆ ರುಚಿ ಹತ್ತಬಾರದು.

ಎಲ್ಲರೂ ಚೆನ್ನಾಗಿದೆ ಅಂದರು

ಕಂದಿಕೆರೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ತೋಟದ ಮನೆಯ ಸೊಸೆ. ಕೊಬ್ಬರಿ ಚಟ್ನಿಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಬೇಕೆಂಬುದು ಅವಳ ಆಸೆ. ನಿನ್ನ ಗಿರಾಕಿ ಯಾರಮ್ಮ ಎಂದು ಕೇಳಿದೆ. "ಊಟ ಮಾಡೋರೆಲ್ಲ ಸಾರ್" ಎಂದಳು.

ಹಾಗಲ್ಲ, ಮೊದಲು ಒಂದಷ್ಟು ಜನರಿಗೆ ಕೊಟ್ಟು ಅಭಿಪ್ರಾಯ ಕೇಳು ಎಂದೆ. ಮುಂದಿನ ಭಾನುವಾರ ಬಂದು ವರದಿ ಒಪ್ಪಿಸಿದಳು. ಬೀದಿಯವರೆಲ್ಲ ತಿಂದಿದ್ದರು, ಎಲ್ಲರೂ ಚೆನ್ನಾಗೈತೆ ಅಂದಿದ್ದರು. ನನಗೆ ಸಿಟ್ಟು ಬಂತು. ಹೊಗಳಿಕೆ ಮಾಹಿತಿಯಲ್ಲ, ಹೋಗಿ ತಪ್ಪು ಹುಡುಕಿಸು ಎಂದು ವಾಪಸು ಕಳಿಸಿದೆ.

ಎದುರು ಮನೆಯ ಅತ್ತೆಯೊಬ್ಬರು ಈ ಜವಾಬ್ದಾರಿಯನ್ನು ಬಹಳ ಮನಸ್ಸಿಟ್ಟು ವಹಿಸಿಕೊಂಡರಂತೆ. ದಿನಾ ಒಂದು ಬಟ್ಟಲು ಪುಡಿ ತರಿಸಿಕೊಂಡು, "ಇನ್ನೂ ಗೊತ್ತಾಗ್ತಿಲ್ಲ ಕಣವ್ವ, ನಾಳೆ ಇನ್ನೊಂದಷ್ಟು ಕೊಡು, ಏನೋ ಒಂದು ತಪ್ಪು ಇದ್ದೇ ಇರ್ತದೆ" ಅನ್ನುತ್ತಿದ್ದರು. ಪುಡಿ ಮುಗಿಯುವವರೆಗೂ ತಪ್ಪು ಸಿಗಲಿಲ್ಲ.

ಮುಯ್ಯಿ

ಪುಕ್ಕಟೆ ನಿಲ್ಲಿಸಿ ಮಾರು ಎಂದೆ. ಮಾರಿದಳು. ಒಂದೇ ವಾರದಲ್ಲಿ ಪೊಟ್ಟಣಗಳೆಲ್ಲ ಖಾಲಿ. ನಾನು ಅವಳನ್ನು ಬಳಗದ ಮುಂದೆ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳ ಜೊತೆ ಬಂದಿದ್ದ ಮಾವ ಮಾತ್ರ ಕೈ ಕಟ್ಟಿಕೊಂಡು ಕುಳಿತಿದ್ದರು. ಕೊಂಡವರೆಲ್ಲ ನೆಂಟರು, ಅವರಲ್ಲಿ ಪ್ರತಿಯೊಬ್ಬರೂ ಆಮೇಲೆ ಇವರ ಮನೆಗೆ ಬಂದಿದ್ದರು ಎಂದು ಅವರೇ ವಿವರಿಸಿದರು. ಚಿಕ್ಕಪ್ಪನ ಮಗ ಇನ್ಶೂರೆನ್ಸ್ ಪಾಲಿಸಿ ತಂದಿದ್ದ. ನಾದಿನಿ ಸೀರೆ ಗಂಟು ಬಿಚ್ಚಿದ್ದಳು. ಇನ್ನೊಬ್ಬರು ಹಸುವನ್ನೇ ಹೊಡಕೊಂಡು ಬಂದಿದ್ದರು.

"ನಮ್ಮೋರು ತಗಂಡ್ರೆ ಅದು ಯಾಪಾರ ಅಲ್ಲ ಸಾರ್, ಮುಯ್ಯಿ" ಎಂದರು ಮಾವ. "ತೀರಿಸ್ಬೇಕಾಯ್ತದೆ."

ಮದುವೆಮನೆಯಲ್ಲಿ ಬರೆಸುವ ಮುಯ್ಯಿ ನನಗೆ ಗೊತ್ತಿತ್ತು. ಚಟ್ನಿಪುಡಿಗೂ ಅದು ಅನ್ವಯವಾಗುತ್ತದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಅಲ್ಲೇ ಅವರು ಸೊಸೆಗೊಂದು ಷರತ್ತು ಹಾಕಿದರು. ಅವರ ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು. ಅದನ್ನು ಸುಲಿದು ಮಾರುಕಟ್ಟೆಗೆ ಹಾಕುವುದರೊಳಗೆ, ಗುರುತಿಲ್ಲದ ಒಬ್ಬ ಗಿರಾಕಿಗೆ ಪೂರ್ತಿ ಬೆಲೆಗೆ ಒಂದೇ ಒಂದು ಪೊಟ್ಟಣ ಮಾರಿ ತೋರಿಸಿದರೆ ಅಟ್ಟದ ಅರ್ಧ ಕೊಬ್ಬರಿ ಅವಳಿಗೆ. ಇಲ್ಲದಿದ್ದರೆ ಎಲ್ಲವೂ ಮಾರುಕಟ್ಟೆಗೆ, ಅವಳು ಚಟ್ನಿಪುಡಿ ಮಾತು ಎತ್ತುವಂತಿಲ್ಲ. ಷರತ್ತು ನನಗೆ ಬಹಳ ಹಿಡಿಸಿತು. ನಾನು ಹಾಕಬೇಕಾಗಿದ್ದ ಷರತ್ತು ಅದು.

ಹೊರಡುವಾಗ ಅವರು, "ತಮ್ದು ಯಾವೂರಾಯ್ತು ಸಾರ್?" ಎಂದು ಕೇಳಿದರು. ಅದು ಇಲ್ಲಿ ಅಪ್ರಸ್ತುತ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಥ ಮನುಷ್ಯನನ್ನು ಈ ಮೊದಲು ಕಂಡೇ ಇಲ್ಲವೆಂಬಂತೆ ಮೆಟ್ಟಿಲು ಇಳಿದು ಹೋದರು.

ಮಾಯಸಂದ್ರದ ಬಸ್ಸು

ಗುರುತಿಲ್ಲದವರನ್ನು ಹುಡುಕುವುದು ಈ ಸೀಮೆಯಲ್ಲಿ ಎಷ್ಟು ಕಷ್ಟವೆಂದು ನನಗೆ ಆಮೇಲೆ ತಿಳಿಯಿತು. ಇಲ್ಲಿ ಒಂದು ಪೊಟ್ಟಣ ಕೈಗೆ ತೆಗೆದುಕೊಂಡವರು ಬೆಲೆ ಕೇಳುವುದಿಲ್ಲ. ಯಾವೂರು ಅನ್ನುತ್ತಾರೆ, ಆಮೇಲೆ ಯಾರ ಮನೆ, ಆಮೇಲೆ ತೌರು ಎಲ್ಲಿ. ಮೂರನೇ ಪ್ರಶ್ನೆಯ ಹೊತ್ತಿಗೆ ಗಿರಾಕಿ ಸೋದರತ್ತೆಯಾಗಿರುತ್ತಾಳೆ. ಪೊಟ್ಟಣಕ್ಕೂ ತೌರಿಗೂ ಏನು ಸಂಬಂಧವೋ ನನಗೆ ಈಗಲೂ ಕುತೂಹಲವಿದೆ.

ನನಗೆ ಒಂದು ಉಪಾಯ ಹೊಳೆಯಿತು. ದೂರದ ಮಾಯಸಂದ್ರಕ್ಕೆ ಹೋಗು, ಯಾರು ಏನೇ ಕೇಳಿದರೂ ಊರು ಹೇಳಬೇಡ ಎಂದೆ.

ಅವಳು ಚೀಲ ಹಿಡಿದು ಹೋಗಿ ಬಸ್ ನಿಲ್ದಾಣದ ಹತ್ತಿರ ನಿಂತಳು. ಒಬ್ಬ ಅಜ್ಜಿ ಪೊಟ್ಟಣ ಮೂಸಿ ನೋಡಿ ಯಾವೂರವ್ವ ಎಂದು ಕೇಳಿದರು. ಹೇಳಂಗಿಲ್ಲ ಎಂದಳು. ಯಾರ ಮನೆಯವಳು ಎಂದರು. ಅದನ್ನೂ ಹೇಳಂಗಿಲ್ಲ ಎಂದಳು. ಯಾರು ಹೇಳಬೇಡ ಅಂದೋರು ಎಂದು ಕೇಳಿದ್ದಕ್ಕೆ, ತಿಪಟೂರಲ್ಲಿ ಒಬ್ಬರು ಸಾರ್ ಎಂದಳು.

ಅಜ್ಜಿ ಪೊಟ್ಟಣ ಕೆಳಗಿಟ್ಟು ಇನ್ನಿಬ್ಬರು ಹೆಂಗಸರನ್ನು ಕೂಗಿ ಕರೆದರಂತೆ. ಮೂವರೂ ಸೇರಿ ಅವಳನ್ನು ಹೋಟೆಲಿನಲ್ಲಿ ಕೂರಿಸಿ ಇಡ್ಲಿ ತಿನ್ನಿಸಿದರು. ಗಂಡಂದಿರು ಅಂದಮೇಲೆ ಒಂದು ಮಾತು ಅಂತಾರೆ, ಹಾಗಂತ ಮನೆ ಬಿಟ್ಟು ಬರಬಾರದು ಎಂದು ಸಮಾಧಾನ ಹೇಳಿದರು. ತಿಪಟೂರಿನ ಆ ಸಾರಿನ ಸಹವಾಸ ಮಾತ್ರ ಬೇಡವೇ ಬೇಡ ಎಂದರು. ಕೊನೆಗೆ ಬಸ್ಸು ಹತ್ತಿಸಿ, ಎಲ್ಲೂ ಇಳಿಯಲು ಬಿಡಬೇಡಪ್ಪ ಎಂದು ಕಂಡಕ್ಟರಿಗೂ ಹೇಳಿದರು.

ಒಂದು ಪೊಟ್ಟಣವೂ ಮಾರಾಟವಾಗಲಿಲ್ಲ. ನನ್ನ ಬಗ್ಗೆ ಮಾತ್ರ ಮಾಯಸಂದ್ರದಲ್ಲಿ ಒಂದು ಅಭಿಪ್ರಾಯ ಮೂಡಿತು.

ಟೈಲರ್ ಸಾಹೇಬರು

ಮುಚ್ಚಿಡುವುದು ತಪ್ಪು, ಊರು ಹೇಳು, ಆದರೆ ದುಡ್ಡು ಕೈಗೆ ಬಂದ ಮೇಲೆ ಹೇಳು ಎಂದು ನಿಯಮ ತಿದ್ದಿದೆ. ಜೊತೆಗೆ, ಹೆಣ್ಣು ಕೊಟ್ಟು ತರುವ ಸಾಧ್ಯತೆಯೇ ಇಲ್ಲದ ಮನೆ ನೋಡು ಎಂದೆ. ಅವಳು ತುರುವೇಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರ ಹತ್ತಿರ ಹೋದಳು. ಅವರು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡು, ಬಹುತ್ ಅಚ್ಛಾ ಐತೆ ಎಂದು ಎರಡು ಪೊಟ್ಟಣ ತೆಗೆದುಕೊಂಡು, ಪೂರ್ತಿ ದುಡ್ಡು ಕೊಟ್ಟರು. ಆಮೇಲೆ ಊರು ಕೇಳಿದರು. ಇವಳು ಧೈರ್ಯವಾಗಿ ಹೇಳಿದಳು.

ಸಾಹೇಬರು ಟೇಪು ಕೊರಳಲ್ಲೇ ಬಿಟ್ಟುಕೊಂಡು ಎದ್ದು ನಿಂತರು. ಇವಳ ಮಾವನ ಮದುವೆ ಕೋಟು ಹೊಲಿದಿದ್ದು ಅವರ ತಂದೆ. ಆ ಕೋಟಿನ ತೋಳು ಗಿಡ್ಡವಾಗಿದ್ದಕ್ಕೆ ಮಾವ ಅಂದು ಮಂಟಪದಲ್ಲಿ ಕೈ ಮಡಚಿಕೊಂಡೇ ಕುಳಿತಿದ್ದರಂತೆ. ಎರಡೂ ಮನೆಯವರು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಭಾನುವಾರ ನಾನು ಈ ಮಾರಾಟವನ್ನು ಎತ್ತಿ ಹಿಡಿದು ವಾದಿಸಿದೆ. ರಕ್ತಸಂಬಂಧವಿಲ್ಲ, ಜಾತಿ ಬೇರೆ, ತಾಲ್ಲೂಕೂ ಬೇರೆ ಎಂದೆ. ಮಾವ ತಲೆಯಾಡಿಸಿದರು. "ನನ್ನ ತೋಳಿನ ಅಳತೆ ಗೊತ್ತಿರೋರು ಗುರುತಿಲ್ದೋರು ಹೆಂಗಾಯ್ತಾರೆ ಸಾರ್?"

ಕೇಳಬಾರದ ಪ್ರಶ್ನೆ

ಅಟ್ಟದ ಕೊಬ್ಬರಿ ಸುಲಿಯುವ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಹೆಣ್ಣುಮಗಳಿಗೆ ಒಂದು ಫೋನ್ ಬಂತು. ತೆಂಗಿನ ನಾರಿನ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಬಾಗಲಕೋಟೆ ಕಡೆಯ ಮೆಕ್ಯಾನಿಕ್. ಪ್ಯಾಂಟು ಹೊಲಿಸಲು ಹೋದಾಗ ಸಾಹೇಬರ ಬುತ್ತಿಯಲ್ಲಿ ಪುಡಿ ತಿಂದಿದ್ದರಂತೆ. ತಮಗೂ ಬೇಕು ಎಂದರು. ಮಾವನ ಕಣ್ಣೆದುರೇ ನಡೆಯಲಿ ಎಂದು ನಾನು ಅವರನ್ನು ಭಾನುವಾರ ಬಳಗಕ್ಕೆ ಕರೆಸಿದೆ.

ಅವರು ಬರುವ ಮೊದಲೇ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದೆ. ಯಾರೂ ಅವರ ಊರು ಕೇಳಬಾರದು, ಮನೆ ಕೇಳಬಾರದು. ಕೊಡುವುದು, ಕೊಳ್ಳುವುದು, ಅಷ್ಟೇ.

ಅಂಥ ಮೌನವನ್ನು ನಾನು ತಿಪಟೂರಿನಲ್ಲಿ ಕಂಡಿಲ್ಲ. ಅಪರಿಚಿತನೊಬ್ಬ ಎದುರಿಗೆ ಕುಳಿತಿದ್ದಾನೆ, ಕೇಳುವಂತಿಲ್ಲ. ಜನ ಕುರ್ಚಿಯಲ್ಲಿ ಹೊರಳಾಡಿದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ತಡೆಯಲಾರದೆ ಹೊರಗೆ ಹೋಗಿ ನಿಂತರು. ಮಾವ ಟವೆಲ್ಲಿನ ಅಂಚನ್ನು ಕಚ್ಚಿಕೊಂಡಿದ್ದರು.

ಮೆಕ್ಯಾನಿಕ್ ನಾಲ್ಕು ಪೊಟ್ಟಣ ತೆಗೆದುಕೊಂಡು, "ಭಾಳ ಛಲೋ ಐತ್ರಿ" ಎಂದು ಪೂರ್ತಿ ದುಡ್ಡು ಕೊಟ್ಟರು. ಹೆಣ್ಣುಮಗಳು ಎಣಿಸಿಕೊಂಡಳು. ಮುಗಿಯಿತು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಆ ಸಮಾಧಾನದಲ್ಲಿ ಅವರ ಕೈ ಕುಲುಕಿದೆ. ಕುಲುಕುತ್ತಾ ನನ್ನ ಬಾಯಿಂದ ಒಂದು ಮಾತು ಜಾರಿತು.

"ಈ ಕಡೆ ಯಾರಾದ್ರೂ ಇದ್ದಾರಾ ನಿಮಗೆ?"

ಇಡೀ ಕೊಠಡಿ ನನ್ನತ್ತ ತಿರುಗಿತು.

"ಹೆಂಡ್ತಿ ತವರು ಮನಿ ಕೆಂಕೆರಿ ಐತ್ರಿ" ಎಂದರು ಅವರು. "ದೊಡ್ಡ ಬೇವಿನ ಗಿಡ ಐತಲ್ರಿ, ಆ ಮನಿ."

ಅದು ನನ್ನ ತಾಯಿಯ ತೌರು. ಅವರ ಹೆಂಡತಿ ನನ್ನ ಸೋದರಮಾವನ ಮೊಮ್ಮಗಳು. ಆ ಮದುವೆಗೆ ನಾನು ಹೋಗಿರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಮುಹೂರ್ತದ ಹೊತ್ತು ಎರಡು ಕಡೆ ಎರಡು ರೀತಿ ಮುದ್ರಣವಾಗಿತ್ತು.

ನಿಯಮ ನಿಯಮವೇ. ಇವರು ನನ್ನ ತಾಯಿಯ ಕಡೆಯವರು, ಸಲಹೆಗಾರನ ನೆಂಟರು ಕೊಂಡಿದ್ದು ಲೆಕ್ಕಕ್ಕಿಲ್ಲ, ಈ ಮಾರಾಟ ರದ್ದು ಎಂದು ಹೇಳಿದೆ. ಹೆಣ್ಣುಮಗಳ ಮುಖ ಬಾಡಿತು. ಅವಳು ದುಡ್ಡನ್ನು ವಾಪಸು ಚಾಚಿದಳು.

ಮಾವ ಟವೆಲ್ಲು ಬಿಟ್ಟು ಎದ್ದರು. "ಒಳಗಿಟ್ಕೋ ಕಣವ್ವ" ಎಂದು ಸೊಸೆಗೆ ಹೇಳಿ, ನನ್ನತ್ತ ತಿರುಗಿದರು. "ಆ ಬೇವಿನಮರದ ಮನೆಗೂ ನಮಗೂ ಕೊಟ್ಟು ತಂದಿದ್ದಿಲ್ಲ ಸಾರ್. ಅವ್ರು ನಿಮ್ ನೆಂಟ್ರು, ನಮ್ ನೆಂಟ್ರಲ್ಲ. ನೀವೂ ನಮ್ಮೋರಲ್ಲ. ಅರ್ಧ ಅಟ್ಟ ಅವಳ್ದೇ ಆಯ್ತು." ಸೊಸೆಯತ್ತ ಕೈ ತೋರಿಸಿ ಮತ್ತೆ ಅಂದರು: "ಮಗು ಇಷ್ಟು ದಿನ ಊರೂರು ಸುತ್ತಿತು. ಗುರುತಿಲ್ದಿರೋ ಗಿರಾಕಿ ನೀವೇ ಇಲ್ಲಿ ಕುಂತಿದ್ರಲ್ಲ ಸಾರ್. ಮೊದ್ಲೇ ಒಂದು ಪೊಟ್ಟಣ ತಗಂಡಿದ್ರೆ ಆಗೋಗ್ತಿತ್ತು."

ಬಳಗ ನಕ್ಕಿದ್ದು ಕೆಳಗಿನ ಟೈರ್ ಅಂಗಡಿಯವರಿಗೂ ಕೇಳಿಸಿತು. ನಾನು ಜೇಬಿನಿಂದ ದುಡ್ಡು ತೆಗೆದು ಒಂದು ಪೊಟ್ಟಣ ಕೇಳಿದೆ. ಹೆಣ್ಣುಮಗಳು ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಬಿಡದೆ ಎಣಿಸಿಕೊಂಡು, ಪೊಟ್ಟಣ ಕೊಡುತ್ತಾ ಕೇಳಿದಳು: "ಕೆಂಕೆರೆ ನಿಮ್ಮ ತಾಯಿ ಕಡೆ ಆಯ್ತು. ನಿಮ್ಮ ಸ್ವಂತ ಊರು ಯಾವ್ದು ಸಾರ್?"

ನಿಜ ಹೇಳಬೇಕೆಂದರೆ ನನಗೂ ಹೇಳಿಬಿಡಬೇಕು ಅನ್ನಿಸಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಎರಡೂ ಕೈ ಅಡ್ಡ ಹಿಡಿದರು.

"ಹೇಳ್ಬೇಡಿ ಸಾರ್. ಯಾಪಾರ ಈಗ ತಾನೇ ಶುರುವಾಗೈತೆ. ಇನ್ನೊಂದು ವರ್ಷ ಹಿಂಗೇ ಇದ್ದು ಬುಡಿ."