ಎರಡು ಸೇಂತಮೂರ್, ಒಂದು ಮಧುಚಂದ್ರ

"ಮಧುಚಂದ್ರದ ಪ್ಲಾನು ಪೂರ್ತಿ ನನ್ನದು. ನೀನು ಬಾಯಿ ತೆರೆಯೋದು ಎರಡಕ್ಕೇ. ಒಂದು ಊಟಕ್ಕೆ, ಇನ್ನೊಂದು 'ಆಹಾ' ಅನ್ನೋದಕ್ಕೆ!"

ಹೀಗೆಂದು ನಾನು ಸೊಲಾಂಜ್‌ಗೆ ಘೋಷಿಸಿದ್ದು ಮಾರ್ಚ್ ತಿಂಗಳ ಒಂದು ಸಂಜೆ, ಆಮಿಯಾಂ ಊರಿನ ನಮ್ಮ ಅಡುಗೆಮನೆಯಲ್ಲಿ. ಮದುವೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಹಾಗೆ ಘೋಷಿಸುವ ಹಕ್ಕೂ ನನಗಿತ್ತು ಅನ್ನಿ. ಗಾಸ್ಪಾರ್ ದೆಲ್ಮೋತ್ ಎಂಬ ಈ ನಾನು ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಮೇಷ್ಟ್ರು. ಅರ್ಧ ಆಮಿಯಾಂಗೆ ಎಡ ಯಾವುದು, ಬಲ ಯಾವುದು ಅಂತ ಹೇಳಿಕೊಟ್ಟವನು ನಾನು. ಉಳಿದರ್ಧ ಊರು ನನ್ನ ಶಿಷ್ಯರನ್ನು ಕಂಡ ಕೂಡಲೇ ಪಕ್ಕಕ್ಕೆ ಹಾರುವುದನ್ನು ತಾನಾಗಿಯೇ ಕಲಿತುಕೊಂಡಿದೆ!

ಸೊಲಾಂಜ್ ಮಾರ್ಕೆಟ್ಟಿನಲ್ಲಿ ಚೀಸ್ ಅಂಗಡಿ ಇಟ್ಟವಳು. ಚೀಸ್ ಕತ್ತರಿಸುವ ತಂತಿಗೂ ಅವಳ ನಾಲಗೆಗೂ ಯಾವುದು ಹೆಚ್ಚು ಹರಿತ ಎಂದು ಗಿರಾಕಿಗಳಲ್ಲಿ ಇನ್ನೂ ಒಮ್ಮತವಿಲ್ಲ. ನನಗೆ ನಲವತ್ತನಾಲ್ಕು, ಅವಳಿಗೆ ನಲವತ್ತೆರಡು. ಇಷ್ಟು ತಡವಾಗಿ ಆಗುವ ಮದುವೆಗೆ ಮಧುಚಂದ್ರವಾದರೂ ಸರಿಯಾಗಿ ಆಗಬೇಕು ಎಂಬುದು ನನ್ನ ಹಟ.

"ಮಧುಚಂದ್ರದಲ್ಲಿ ಮೊದಲು ಬರೋದು ಮಧು," ಎಂದೆ. "ಒಳ್ಳೇ ವೈನ್ ಸಿಗೋ ಊರನ್ನ ನಾನು ಹುಡುಕ್ತೀನಿ. ಚಂದ್ರ ಹಿಂದೆಯೇ ಬರ್ತಾನೆ."

"ಚಂದ್ರನಿಗೆ ದಾರಿ ಗೊತ್ತು ಕಣೋ. ನಿನ್ನದೇ ಯೋಚನೆ."

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಣ್ಣು ಅರ್ಧ ಮುಚ್ಚುತ್ತದೆ. ರಾತ್ರಿಯೂಟ ಮುಗಿದ ಮೇಲೆ ಮೇಜಿನ ಮೇಲೆ ಇಡೀ ದೇಶದ ನಕ್ಷೆ ಹರಡುತ್ತಿದ್ದೆವು. ಒಂದು ಮೂಲೆಗೆ ಉಪ್ಪಿನ ಭರಣಿ, ಒಂದಕ್ಕೆ ಸಾಸಿವೆಯ ಬಾಟಲಿ, ಒಂದಕ್ಕೆ ಸೊಲಾಂಜಳ ಮೊಣಕೈ, ನಾಲ್ಕನೆಯದಕ್ಕೆ ವೈನ್. ವೈನ್ ಕೆಳಗಿಳಿದ ಹಾಗೆ ಬಾಟಲಿ ಹಗುರಾಗಿ, ಆ ಮೂಲೆಯ ಊರುಗಳೆಲ್ಲ ಸುರುಳಿ ಸುತ್ತಿಕೊಂಡು ನಮ್ಮ ಕಡೆಗೇ ಉರುಳಿ ಬರುತ್ತಿದ್ದವು. ನಾನು ಬೆರಳಿನಲ್ಲಿ ಗಾಡಿ ಓಡಿಸುತ್ತಿದ್ದೆ. ಬೆರಳು ಬೋನ್ ಊರಿಗೆ ಬಂದರೆ ಸೊಲಾಂಜ್ ಕಣ್ಣು ಮುಚ್ಚಿ, "ಕೆಂಪು ವೈನಿನಲ್ಲಿ ಬೇಯಿಸಿದ ಮೊಟ್ಟೆ" ಎನ್ನುತ್ತಿದ್ದಳು. ಸೋನ್ ನದಿ ದಾಟಿದರೆ "ಕೆನೆಯಲ್ಲಿ ಬೆಂದ ಕೋಳಿ" ಎನ್ನುತ್ತಿದ್ದಳು. ಹೊರಗೆ ಆಮಿಯಾಂನ ಮಂಜು, ಒಳಗೆ ದ್ರಾಕ್ಷಿ ತೋಟದ ಬಿಸಿಲು! ಎಷ್ಟೋ ಸಲ ಪಕ್ಕದ ಮನೆಯ ಟೀವಿಯ ಸದ್ದು ಕೇಳಿ, ಅರೆ, ನಾವಿನ್ನೂ ಹೊರಟೇ ಇಲ್ಲ ಎಂದು ನೆನಪಾಗುತ್ತಿತ್ತು.

ಒಂದು ಸಂಜೆ ನನ್ನ ಬೆರಳು ಬೋಜೊಲೆ ಗುಡ್ಡಗಳ ತುದಿಯಲ್ಲಿ ಒಂದು ಹೆಸರಿಗೆ ತಾಗಿ ನಿಂತಿತು. ಸೇಂತಮೂರ್. ಅಂದರೆ ಸಂತ ಪ್ರೇಮ! ಅಲ್ಲಿನ ವೈನಿಗೂ ಅದೇ ಹೆಸರು. ಮಧುಚಂದ್ರಕ್ಕೆಂದೇ ಯಾರೋ ಅಳತೆ ಕೊಟ್ಟು ಹೊಲಿಸಿದಂಥ ಊರು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಮಾರನೇ ದಿನ, ಊರೂರಿನ ಹೋಟೆಲುಗಳ ನಂಬರಿದ್ದ ಚಿಕ್ಕಪ್ಪನ ಹಳೇ ಪುಸ್ತಕ ತೆಗೆದು, ಸೇಂತಮೂರ್ ಅಂತ ಇದ್ದಲ್ಲಿಗೆ ಫೋನ್ ಮಾಡಿದೆ.

"ಸೇಂತಮೂರೇ ತಾನೇ?"

"ಹೌದು ಮೊಸ್ಯೂ. ಚರ್ಚಿನ ಎದುರಿಗೇ ಇದೀವಿ," ಎಂದಿತು ಒಂದು ಹೆಣ್ಣು ದನಿ.

"ಜೂನ್ ಎರಡನೇ ಶನಿವಾರ. ಗಂಡ ಹೆಂಡತಿ. ರೂಮು, ಊಟ, ಒಳ್ಳೇ ಮೇಜು!"

ಮುಗಿಯಿತು. ಯಾವ ಸೇಂತಮೂರ್ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂತ ಪ್ರೇಮರು ದೇಶದಲ್ಲಿ ಎಷ್ಟು ಜನ ಅಂತ ಯಾರಾದರೂ ಎಣಿಸುತ್ತಾರೆಯೇ?

ಕೊನೆಗೆ ನಾನು ಇನ್ನೊಂದು ಕಟ್ಟಪ್ಪಣೆ ಹೊರಡಿಸಿದೆ. "ಮೊಬೈಲು ತಗೊಂಡು ಹೋಗೋ ಹಾಗಿಲ್ಲ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಯಾವಳೋ ನನಗೆ ಹೇಳೋದು ಬೇಡ."

"ಅದನ್ನ ಹೇಳೋಕೆ ನಾನೊಬ್ಬಳು ಸಾಕು," ಎಂದು ಸೊಲಾಂಜ್ ಎರಡೂ ಫೋನುಗಳನ್ನು ಬ್ರೆಡ್ಡಿನ ಡಬ್ಬಿಗೆ ಹಾಕಿ ಮುಚ್ಚಿದಳು.

ಮದುವೆ ಮುಗಿಸಿ ಹೊರಟಿದ್ದು ನನ್ನ ಸ್ಕೂಲಿನ ಕಾರಿನಲ್ಲಿ. ತಲೆಯ ಮೇಲೆ 'ಡ್ರೈವಿಂಗ್ ಶಾಲೆ' ಎಂಬ ಬೋರ್ಡು, ಪಕ್ಕದ ಸೀಟಿಗೂ ಒಂದು ಬ್ರೇಕು. ಆ ಬ್ರೇಕು ಸೊಲಾಂಜಳ ಕಾಲಿಗೆ ಸಿಕ್ಕಿತು ನೋಡಿ! ಬೇಕರಿಯ ವಾಸನೆ ಬಂದರೆ ಬ್ರೇಕು. 'ಇಲ್ಲಿ ಚೀಸ್ ಸಿಗುತ್ತದೆ' ಎಂಬ ಫಲಕ ಕಂಡರೆ ಬ್ರೇಕು. ಹದಿನೈದು ಹದಿನೈದು ನಿಮಿಷಕ್ಕೆ ಲೆಕ್ಕ ಹಾಕಿ ಬರೆದಿದ್ದ ನನ್ನ ಪ್ಲಾನು ಮೊದಲ ದಿನ ಮಧ್ಯಾಹ್ನಕ್ಕೇ ನಾಲ್ಕು ಗಂಟೆ ಹಿಂದೆ ಬಿತ್ತು.

"ಪ್ಲಾನು ಹಾಳಾಗ್ತಿದೆ ಸೊಲಾಂಜ್!"

"ಇದನ್ನ ತಿನ್ನು, ಸುಮ್ಮನಿರು," ಎಂದು ಬಾಯಿಗೆ ಏನೋ ತುರುಕುತ್ತಿದ್ದಳು. ಬೆಣ್ಣೆಯಂಥದ್ದು, ಬೆಚ್ಚಗಿನದು. ನಾನು ಚಪ್ಪರಿಸುತ್ತಿದ್ದೆ. ರಸ್ತೆಯ ಎರಡೂ ಕಡೆ ಹಸಿರು ಸಾಲು, ಬಾಚಿದ ತಲೆಯ ಹಾಗೆ. ಬೋನ್‌ನಲ್ಲಿ ಆ ಮೊಟ್ಟೆ ತಿಂದೆವು. ನಕ್ಷೆಯ ಮೇಲೆ ತಿಂದದ್ದಕ್ಕಿಂತ ಒಂದು ಗುಲಗಂಜಿ ತೂಕವೂ ಕಡಿಮೆ ಇರಲಿಲ್ಲ. ಸೊಲಾಂಜ್ ನನ್ನ ತಟ್ಟೆಯ ಸಾರನ್ನೂ ಬ್ರೆಡ್ಡಿನಲ್ಲಿ ಒರೆಸಿ ತಿಂದಳು. ಅದು ಪ್ರೀತಿ ಎಂದು ನಾನು ಅರ್ಥ ಮಾಡಿಕೊಂಡೆ.

ಶನಿವಾರ ಬೆಳಿಗ್ಗೆ ಮಾಕೋಂ ಊರಿನಲ್ಲಿ ಕಾಫಿ ಕುಡಿಯುತ್ತಾ ಅವಳು ಹೇಳಿದಳು: "ಇವತ್ತು ನೀನು ನಿನ್ನ ವೈನ್ ನೋಡ್ಕೋ. ನಾನು ರೈಲಲ್ಲಿ ಪೊಲಿನ್ಯಿಗೆ ಹೋಗಿ ಬರ್ತೀನಿ. ಇಪ್ಪತ್ತು ವರ್ಷದಿಂದ ಕೋಂತೆ ಚೀಸ್ ಮಾರ್ತಿದೀನಿ, ಅದು ಹುಟ್ಟೋ ಜಾಗ ಒಂದು ಸಲ ಕಣ್ಣಾರೆ ನೋಡಿಲ್ಲ."

"ಸಂಜೆ ಏಳಕ್ಕೆ ಸೇಂತಮೂರ್. ಚರ್ಚಿನ ಎದುರಿನ ಹೋಟೆಲು. ತಡ ಮಾಡ್ಬೇಡ!"

"ಸೇಂತಮೂರಾ? ಒಳ್ಳೇದಾಯ್ತು. ವಾಪಸ್ ಬರೋ ರೈಲು ಅಲ್ಲೇ ನಿಲ್ಲುತ್ತೆ. ಸ್ಟೇಷನ್ನಿನ ಬೋರ್ಡಲ್ಲಿ ಬರೆದಿದೆ."

ದ್ರಾಕ್ಷಿ ತೋಟದ ಗುಡ್ಡಕ್ಕೆ ರೈಲು ಹೇಗಪ್ಪಾ ಹತ್ತುತ್ತದೆ ಎಂದು ಒಬ್ಬ ಡ್ರೈವಿಂಗ್ ಮೇಷ್ಟ್ರು ಕೇಳಬೇಕಿತ್ತೋ ಬೇಡವೋ? ಕೇಳಲಿಲ್ಲ. ರೈಲ್ವೆಯವರು ಮುಂದುವರಿದಿದ್ದಾರೆ ಎಂದುಕೊಂಡೆ!

ಗುಡ್ಡದ ಊರಿಗೆ ನಾನು ಮುಟ್ಟಿದ್ದು ಐದಕ್ಕೆ. ಚರ್ಚಿತ್ತು. ಎದುರಿಗೆ ಹೋಟೆಲೂ ಇತ್ತು. ಅಂಗಳದಲ್ಲಿ ಮರದ ನೆರಳು, ಕೆಳಗೆ ಬಯಲಿನವರೆಗೆ ಇಳಿದು ಹೋದ ಬಳ್ಳಿಯ ಸಾಲು, ದೂರದಲ್ಲಿ ನದಿಯ ಹೊಳಪು. ಒಂದು ಲೋಟ ತರಿಸಿದೆ. ಸಂತ ಪ್ರೇಮರ ಊರಲ್ಲಿ, ಸಂತ ಪ್ರೇಮರ ವೈನ್ ಹಿಡಿದು, ಹೆಂಡತಿಗಾಗಿ ಕಾಯುವುದು! ಇದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ. ಎರಡನೇ ಲೋಟಕ್ಕೆ ಗುಡ್ಡ ಸ್ವಲ್ಪ ಹತ್ತಿರ ಬಂತು. ಮೂರನೆಯದಕ್ಕೆ ಜೇನುಹುಳಗಳೂ ನನ್ನ ಮದುವೆಗೆ ಬಂದವರ ಹಾಗೆ ಕಂಡವು. ಏಳಾಯಿತು. ಏಳೂವರೆಯಾಯಿತು. ಸೊಲಾಂಜ್ ಇಲ್ಲ.

ಒಳಗೆ ಹೋಗಿ ಮಾಲೀಕ ಬ್ರಿಸಾರ್‌ರನ್ನು ಕೇಳಿದೆ. "ದೆಲ್ಮೋತ್ ಹೆಸರಲ್ಲಿ ರೂಮಿದೆಯಲ್ಲ, ನನ್ನ ಹೆಂಡತಿ ಬಂದಳೇ?"

ಅವರು ಪುಸ್ತಕ ತಿರುವಿದರು. "ಈ ಹೆಸರಲ್ಲಿ ರೂಮೂ ಇಲ್ಲ, ಹೆಂಡತಿಯೂ ಇಲ್ಲ ಮೊಸ್ಯೂ."

"ಏನ್ರೀ ಹೀಗಂದ್ರೆ! ನಾನೇ ಫೋನ್ ಮಾಡಿದ್ದೆ. ಒಬ್ಬ ಹೆಂಗಸು ಮಾತಾಡಿದ್ರು!"

"ಈ ಮನೇಲಿ ಹೆಂಗಸು ಫೋನ್ ಎತ್ತಿ ಹನ್ನೊಂದು ವರ್ಷ ಆಯ್ತು. ನನ್ನವಳು ಬಿಟ್ಟು ಹೋದಳು."

ನಾನು ಮೇಜು ಗುದ್ದಿದೆ. ಮೇಷ್ಟ್ರ ದನಿ ತೆಗೆದೆ. ಬ್ರಿಸಾರ್ ಸಾವಧಾನವಾಗಿ ಕನ್ನಡಕ ಒರೆಸಿ ಕೇಳಿದರು. "ನೀವು ಬುಕ್ ಮಾಡಿದ್ದು ನದಿಯಾಚೆ, ಜೂರಾ ಬೆಟ್ಟಗಳ ಕಡೆಯ ಸೇಂತಮೂರೋ ಏನೋ? ಅಲ್ಲೂ ಚರ್ಚಿನ ಎದುರಿಗೆ ಒಂದು ಹೋಟೆಲಿದೆ. ಸ್ಟೇಷನ್ನೂ ಇದೆ. ಗಾಡಿಯಲ್ಲಿ ಒಂದು ಗಂಟೆ ಮೇಲಾಗುತ್ತೆ."

ಕುಡಿದದ್ದೆಲ್ಲ ಒಂದೇ ಸಲ ಇಳಿಯಿತು. ಅವರೇ ನಂಬರ್ ಹುಡುಕಿ ಫೋನ್ ಕೈಗಿತ್ತರು.

"ಸೊಲಾಂಜ್! ಎಲ್ಲಿದ್ದೀಯ?"

"ಸೇಂತಮೂರ್‌ನಲ್ಲಿ. ನೀನು?"

"ಸೇಂತಮೂರ್‌ನಲ್ಲೇ!"

"ಚರ್ಚಿನ ಎದುರಿಗೆ?"

"ಚರ್ಚಿನ ಎದುರಿಗೇ!"

"ಹಾಗಾದ್ರೆ ಕಿಟಕಿಯಿಂದ ಕೈ ಬೀಸ್ತೀನಿ, ನೋಡು," ಎಂದಳು. ದನಿಯಲ್ಲಿ ಕೆನೆಯೂ ಇತ್ತು, ಕತ್ತಿಯೂ ಇತ್ತು. "ಕಾಣಿಸ್ತಾ? ಇಲ್ವಾ? ಪಾಪ! ಕೋಳಿ ಬಂತು ಕಣೋ, ಅಣಬೆ ಹಾಕಿದಾರೆ. ಆರಿ ಹೋಗುತ್ತೆ. ಫೋನ್ ಇಡ್ಲಾ?"

ಈಗ ಹೊರಡೋಣವೆಂದರೆ ಹೊಟ್ಟೆಯಲ್ಲಿ ಮೂರು ಲೋಟ. ಕುಡಿದು ಸ್ಟಿಯರಿಂಗ್ ಮುಟ್ಟಬಾರದು ಎಂದು ಹತ್ತೊಂಬತ್ತು ವರ್ಷ ಪಾಠ ಹೇಳಿದವನು ನಾನು. ಕೈಕಟ್ಟಿ ನಿಂತಿದ್ದಾಗ ಮೂಲೆಯಲ್ಲಿ ಸೂಪು ಕುಡಿಯುತ್ತಿದ್ದ ಒಬ್ಬ ಅಜ್ಜಿ ಚಮಚ ಕೆಳಗಿಟ್ಟರು. ಎಪ್ಪತ್ತನಾಲ್ಕರ ಮದಾಂ ಪೆರ್ರೊನೆ, ಪಕ್ಕದ ತೋಟದ ಒಡತಿ.

"ಮದುವಣಿಗನನ್ನ ಹೀಗೆ ಬಿಡೋದಾ? ಏಳಿ ಮೇಷ್ಟ್ರೇ. ನನ್ನ ವ್ಯಾನಿದೆ."

ನಾನು ಸೂಟ್‌ಕೇಸ್ ತೆಗೆದುಕೊಂಡು ಹತ್ತಿದೆ. ಹತ್ತಬಾರದಿತ್ತು! ತಿರುವು ಬಂದರೆ ಮದಾಂ ವೇಗ ಹೆಚ್ಚಿಸುತ್ತಿದ್ದರು, ನೇರ ರಸ್ತೆಯಲ್ಲಿ ಮಾತ್ರ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಇಲ್ಲದ ಬ್ರೇಕನ್ನು ನಾನು ಎಷ್ಟು ಒತ್ತಿದೆನೆಂದರೆ ಬಲಗಾಲಿನ ಬೂಟು ಬಿಚ್ಚಿಕೊಂಡಿತು.

"ಮದಾಂ, ಇಂಡಿಕೇಟರ್ ಹಾಕಲಿಲ್ಲ!"

"ನಾನು ಎಲ್ಲಿಗೆ ತಿರುಗ್ತೀನಿ ಅಂತ ಊರಿನವರಿಗೆಲ್ಲ ಗೊತ್ತು."

"ಇದು ನಿಮ್ಮ ಊರಲ್ಲವಲ್ಲ!"

"ಇವರಿಗೂ ಗೊತ್ತಾಗ್ಲಿ ಬಿಡಿ."

ಆದರೂ ಒಂದು ಮಾತು ಹೇಳಬೇಕು. ಆ ಸಂಜೆ ಇಳಿಯುವ ಬಿಸಿಲಿಗೆ ಗೋಧಿ ಹೊಲಗಳೆಲ್ಲ ಬಂಗಾರವಾಗಿದ್ದವು. ಹೆಂಡತಿಯ ಕಡೆಗೆ ಇಷ್ಟು ಚೆಲುವಾದ ದಾರಿಯಲ್ಲಿ ಇಷ್ಟು ಭಯದಿಂದ ಹೋದ ಗಂಡ ಇನ್ನೊಬ್ಬನಿರಲಾರ.

ಒಂಬತ್ತೂಕಾಲಿಗೆ, ಇನ್ನೂ ಬೆಳಕಿದ್ದಾಗಲೇ, ಮುಟ್ಟಿದೆವು. ಸೊಲಾಂಜ್ ಅಂಗಳದ ಮೇಜಿಗೆ ಕೂತಿದ್ದಳು. ನನ್ನ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿ, ಮೇಲೆ ತನ್ನ ಶಾಲು ಹೊದಿಸಿದ್ದಳು. ಬೈಯಲಿಲ್ಲ. ನನ್ನ ಕಿವಿ ಹಿಡಿದು ಹತ್ತಿರ ಎಳೆದು ಒಂದು ಮುತ್ತು ಕೊಟ್ಟಳು. "ಮೇಷ್ಟ್ರು ಫೇಲ್," ಎಂದಳು. ಕೋಳಿ ಇನ್ನೂ ಬೆಚ್ಚಗಿತ್ತು. ನನ್ನ ಕಣ್ಣು ಯಾಕೋ ಒದ್ದೆಯಾಯಿತು. ಅಣಬೆಯ ಹಬೆ ಇರಬೇಕು.

ಆಗಲೇ ಮದಾಂ ಪೆರ್ರೊನೆಯನ್ನು ಕಳಿಸಿಬಿಡಬೇಕಿತ್ತು. ಸೊಲಾಂಜ್ ಬಿಡಬೇಕಲ್ಲ! ಪೊಲಿನ್ಯಿಯಿಂದ ತಂದ ಚೀಸ್ ಬಿಚ್ಚಿದಳು. ಅದರ ಜೊತೆಗೆ ಅಲ್ಲಿನ ಹಳದಿ ವೈನ್. ಇಬ್ಬರೂ ಸೇರಿ ಸತ್ತ ಗಂಡನಿಂದ ಹಿಡಿದು ಬದುಕಿರುವ ಗಂಡನವರೆಗೆ ಎಲ್ಲರನ್ನೂ ಆಡಿಕೊಂಡು ನಕ್ಕರು. ಮೂರನೇ ಲೋಟ ಮುಗಿಸಿ ಮದಾಂ ವ್ಯಾನಿನ ಬೀಗದ ಕೈ ತೆಗೆದುಕೊಂಡು ಎದ್ದರು.

"ಎಲ್ಲಿಗೆ?" ಎಂದು ನಾನು ಗುಡುಗಿದೆ. "ಕುಡಿದು ಗಾಡಿ ಓಡಿಸೋ ಹಾಗಿಲ್ಲ! ನಾನಿರೋವರೆಗೆ ಅದು ಸಾಧ್ಯವಿಲ್ಲ!"

ನನ್ನ ಬಾಯಿಂದಲೇ ಬಂತು ಸ್ವಾಮೀ, ನನ್ನ ಬಾಯಿಂದಲೇ!

"ಸರಿಯಾಗಿ ಹೇಳ್ದೆ," ಎಂದಳು ಸೊಲಾಂಜ್. "ಹೋಟೆಲಲ್ಲಿ ಬೇರೆ ರೂಮು ಖಾಲಿ ಇಲ್ಲ. ಮದಾಂ, ನೀವು ನನ್ನ ಜೊತೆ ಮಲಗಿ. ಇವನಿಗೆ ವ್ಯಾನಿದೆ."

ಊರಿನ ಹೆಸರಲ್ಲೇ 'ಮೂರ್' ಇತ್ತು. ನಾನು ಗಮನಿಸಿರಲಿಲ್ಲ. ಮಧುಚಂದ್ರಕ್ಕೆ ಮೂರು ಜನ ಆದೆವು! ನಾನು ರೂಮಿನಲ್ಲಿ ಪೈಜಾಮ ಹಾಕಿಕೊಂಡು, ಕಂಬಳಿ ಹೊತ್ತು, ವ್ಯಾನಿನ ಹಿಂದುಗಡೆ ಖಾಲಿ ಚೀಲಗಳ ಮೇಲೆ ಮಲಗಿದೆ. ದ್ರಾಕ್ಷಿಯ ವಾಸನೆ ಜೋಗುಳ ಹಾಡಿತು. ನಾನೂ ಸೊಲಾಂಜಳೂ ದೋಣಿಯಲ್ಲಿ ತೇಲುತ್ತಿದ್ದ ಕನಸು ಬಿತ್ತು. ದೋಣಿ ತಿರುವಿನಲ್ಲೆಲ್ಲ ವೇಗ ಹೆಚ್ಚಿಸುತ್ತಿತ್ತು.

ಚರ್ಚಿನ ಗಂಟೆಗೆ ಎಚ್ಚರವಾಯಿತು. ಹಿಂಬಾಗಿಲು ತೆರೆಯಿತು. ಬೆಳಗಿನ ಬಿಸಿಲು. ಎದುರಿಗೆ ಮದಾಂ ಪೆರ್ರೊನೆ, ಕಂಕುಳಲ್ಲಿ ಉದ್ದನೆಯ ಬ್ರೆಡ್ಡು.

"ಅಯ್ಯೋ ದೇವರೇ! ಮೇಷ್ಟ್ರೇ, ನೀವಿನ್ನೂ ಇದರಲ್ಲೇ ಇದ್ದೀರಾ? ಕೋಳಿಗಳಿಗೆ ಕಾಳು ಹಾಕ್ಬೇಕು ಅಂತ ಐದಕ್ಕೇ ಎದ್ದು ಮನೆಗೆ ಓಡಿಸ್ಕೊಂಡು ಬಂದ್ಬಿಟ್ಟೆ!"

ಇಳಿದು ನೋಡಿದೆ. ಗುಡ್ಡ, ಬಳ್ಳಿಯ ಸಾಲು, ನದಿಯ ಹೊಳಪು. ಭಾನುವಾರದ ಪೂಜೆಗೆ ಬಂದ ಇಡೀ ಊರು. ನಡುವೆ ಪಟ್ಟೆಪಟ್ಟೆ ಪೈಜಾಮದ ನಾನು! ನನ್ನ ಕಾರು ಅಲ್ಲೇ ನಿಂತಿತ್ತು. ಅದರ ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಜೂರಾದಲ್ಲಿತ್ತು.

ಬ್ರಿಸಾರ್ ಹೋಟೆಲಿನ ಬಾಗಿಲಿಗೆ ಬಂದು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ನಿಮ್ಮ ಹೆಂಡತಿ ಫೋನ್ ಮಾಡಿದ್ರು. ಇದ್ದಲ್ಲೇ ಇರ್ಬೇಕಂತೆ, ಅಲ್ಲಾಡಬಾರದಂತೆ. ಹತ್ತು ಗಂಟೆ ರೈಲಿಗೆ ನಿಮ್ಮ ಪ್ಯಾಂಟು ಮಾಕೋಂಗೆ ಕಳಿಸ್ತಾರಂತೆ, ಅಲ್ಲಿಂದ ನಾನು ತರಿಸ್ಕೊಡ್ಬೇಕಂತೆ."

"ಮತ್ತೆ ಅವಳು?"

"ಅದನ್ನ ತಿಂಡಿ ಆದ್ಮೇಲೆ ಯೋಚನೆ ಮಾಡ್ತಾರಂತೆ."